ಗಾಳಿಬೀಡಲ್ಲಿ ಗಾಳಿ ನುಗ್ಗದ ಹಾಗೆ ಡಿಶ್ ಕೇಬಲ್ ಎಳೆದಿದ್ದು: ನನ್ನ ಅನುಭವ

ಮಡಿಕೇರಿ ಸುತ್ತಮುತ್ತ ಡಿಶ್ ಹಾಕ್ತಾ ನಂಗೆ ಹತ್ರಹತ್ರ ಹದಿನಾಲ್ಕು ವರ್ಷ ಆಯ್ತು. ಗೋಡೆಗೆ ತೂತು ಹೊಡಿ, ಕೇಬಲ್ ತೂರ್ಸು, ಬಿಳಿ ಸಿಮೆಂಟ್ ಮೆತ್ತು, ದುಡ್ಡು ಇಸ್ಕೊಂಡು ಬೈಕ್ ಹತ್ತು, ಇಷ್ಟೇ ಕೆಲ್ಸ ಅಂತ ನಾನೂ ಅಂದ್ಕೊಂಡಿದ್ದೆ. ಗಾಳಿಬೀಡಲ್ಲಿ ರಿಟೈರ್ಡ್ ಅಂಕಲ್ ಒಬ್ರು ಹೊಸ ಮನೆ ಕಟ್ಸಿದ್ರು. ಹಳೇ ಮನೇಲಿ ಮಳೆಗಾಲ ಬಂದ್ರೆ ಬೆಲ್ಟು, ಶೂ, ಆಂಟಿಯ ರೇಷ್ಮೆ ಸೀರೆ, ಕೋವಿಯ ಚರ್ಮದ ಪಟ್ಟಿ ಎಲ್ಲಾ ಬೂಷ್ಟು ಹಿಡೀತಿತ್ತಂತೆ, ಅದ್ಕೇ ಈ ಸಲ ರಬ್ಬರ್ ಬೀಡಿಂಗ್ ಇರೋ ಯುಪಿವಿಸಿ ಕಿಟಕಿ, ಹೆಂಚಿನ ಕೆಳಗೆ ಸಂದಿ ಬಿಡದೆ ಸೀಲಿಂಗು, ಇಡೀ ಮನೆಗೆ ಗಾಳಿಯ ತೇವ ಹೀರೋ ಒಂದು ದೊಡ್ಡ ಡಿಹ್ಯೂಮಿಡಿಫೈಯರ್ ಮಷೀನು. "ನೋಡು ಮಾರಾಯ, ಟಿವಿ ಬೇಕು, ಗಾಳಿ ಬರಬಾರ್ದು" ಅಂದ್ರು. ಊರ ಹೆಸರಲ್ಲೇ ಗಾಳಿ ಇದೆ, ಇವ್ರಿಗೆ ಗಾಳಿ ಬೇಡ!

ನಮ್ಮ ಲೈನಿನ ಒಬ್ಬ "ಆಗಲ್ಲ ಬಿಡು, ಇಂಟರ್ನೆಟ್ ಹಾಕ್ಸಿ ಅದ್ರಲ್ಲೇ ನೋಡ್ಲಿ" ಅಂದ. ಅಲ್ಲಯ್ಯಾ, ಆ ಫೈಬರ್ ವೈರ್ ಮನೆಯೊಳಗೆ ಹಾರ್ಕೊಂಡ್ ಬರುತ್ತಾ? ಅದಕ್ಕೂ ತೂತು ಬೇಕು ತಾನೆ. ಅದೂ ಅಲ್ದೆ ಜುಲೈಲಿ ಒಂದು ಮರ ಬಿದ್ರೆ ಲೈನ್ ನಾಲ್ಕು ದಿನ ಇರಲ್ಲ. ಇನ್ನೊಬ್ಬ ಸೀನಿಯರ್ ಅಂತೂ ನಕ್ಕೇ ಬಿಟ್ಟ. ಅವನು ಓದ್ಲಿ ಅಂತಾನೇ ಇಷ್ಟುದ್ದ ಬರೀತಿರೋದು.

ಮೊದಲು ಸುಲಭದ ದಾರಿ ಹಿಡಿದೆ. ಕಿಟಕಿ ಸಂದೀಲಿ ಇಡೋ ಚಪ್ಪಟೆ ಕೇಬಲ್ ಬರುತ್ತಲ್ಲ, ಆನ್‌ಲೈನಲ್ಲಿ ಮುನ್ನೂರೈವತ್ತೋ ನಾನೂರೋ ಕೊಟ್ಟು ತರ್ಸಿದೆ. ಕಿಟಕಿ ಮುಚ್ತು, ಟಿವಿನೂ ಬಂತು, ಅಂಕಲ್ ಕಾಫಿ ಕೊಟ್ರು. ಮೂರು ವಾರಕ್ಕೆ ಫೋನು, ಅರ್ಧ ಚಾನೆಲ್ ಇಲ್ಲ ಅಂತ. ಹೋಗಿ ನೋಡಿದ್ರೆ ಅದರ ತುದಿ ಎಲ್ಲಾ ಹಸಿರು ಕಟ್ಟಿದೆ, ಸೆಟ್‌ಟಾಪ್ ಬಾಕ್ಸಿಂದ 18 ವೋಲ್ಟ್ ಹೊರಟ್ರೂ ಡಿಶ್ ಮುಂದೆ ಸಿಗ್ನಲ್ ಹಿಡಿಯೋ ಎಲ್‌ಎನ್‌ಬಿ ಹತ್ರ 14 ಚಿಲ್ರೆ ಮಾತ್ರ ಸಿಗ್ತಿದೆ. 18 ವೋಲ್ಟ್ ಸಿಕ್ಕಿದ್ರೆ ಮಾತ್ರ ಬರೋ ಹಾರಿಜಾಂಟಲ್ ಚಾನೆಲ್ ಪೂರಾ ಢಮಾರ್. ಬೀಡಿಂಗೂ ಅಲ್ಲಿ ಅಮುಕಿ ಹೋಗಿ ಮೂಲೇಲಿ ಗಾಳಿ ಸುಯ್ ಅಂತಿತ್ತು.

ಎರಡನೇದು ನಂದೇ ದಡ್ಡತನ, ಮುಚ್ಚಿಡಲ್ಲ. ಮನೆ ಕಟ್ಟುವಾಗ್ಲೇ ಹೆಂಚಿನ ಅಡಿಯಿಂದ ಟಿವಿ ಗೋಡೆಗೆ ಕನ್ಸೀಲ್ಡ್ ಪೈಪ್, ಅಂದ್ರೆ ಗೋಡೆಯೊಳಗೇ ಹೂತ ಪೈಪ್ ಬಿಟ್ಟಿದ್ರು, ಅಯ್ಯೋ ಪೈಪೇ ಇದೆಯಲ್ಲ ಅಂತ ಅದ್ರಲ್ಲೇ ಕೇಬಲ್ ಎಳೆದು ಮೇಲ್ಗಡೆ ಬಾಯಿಗೆ, ಉಬ್ಬಿ ಸಂದಿ ತುಂಬೋ ಪಿಯು ಫೋಮ್ ಹೊಡೆದೆ. ಒಂದು ಡಬ್ಬಿ ನಾನೂರೈವತ್ತು, ಅದೂ ಸಾಲ್ದೆ ಎರಡು. ಎರಡು ತಿಂಗಳಿಗೆ ಇರುವೆ ಆ ಫೋಮ್ ಕೊರೆದು ಗೂಡು ಮಾಡಿ ಮೊಟ್ಟೆನೂ ಇಟ್ಟಿತ್ತು, ಆಂಟಿ ಟಿವಿ ಹಿಂದಿಂದ ಇರುವೆ ಸಾಲು ಬರ್ತಿದೆ ಅಂತ ಬೈದ್ರು. ಆದ್ರೆ ದೊಡ್ಡ ಪಾಠ ಇರುವೆಯಿಂದ ಅಲ್ಲ. ಹಾಲ್‌ನಲ್ಲಿದ್ದ ತೇವಾಂಶದ ಮೀಟರ್ ಮೊದಲು ಶೇಕಡಾ 60ರ ಹತ್ರ ಇದ್ದಿದ್ದು 78 ತೋರ್ಸ್ತಿತ್ತು, ಮಷೀನ್ ದಿನಕ್ಕೆ ಎರಡು ಸಲ ನೀರು ತುಂಬ್ತಿತ್ತು. ಒಂದು ಬೆರಳಿನ ಪೈಪಿಂದ ಇಷ್ಟಾ?

ಅಡುಗೆಮನೆ ಎಕ್ಸಾಸ್ಟ್ ಫ್ಯಾನ್ ಫುಲ್ ಹಾಕಿ, ಕಿಟಕಿ ಬಾಗಿಲು ಮುಚ್ಚಿ, ಒಂದು ಊದುಬತ್ತಿ ಹಚ್ಕೊಂಡು ಮನೆಯೆಲ್ಲಾ ಸುತ್ತಿದೆ. ಫ್ಯಾನ್ ಒಳಗಿನ ಗಾಳಿ ಹೊರಗೆ ಎಳೆದ್ರೆ ಸಂದಿ ಇರೋ ಕಡೆ ಗಾಳಿ ನುಗ್ಗಿ ಹೊಗೆ ಅಲ್ಲಾಡುತ್ತೆ. ಆಂಟಿ ಪೂಜೆ ಮಾಡ್ತಿದ್ದೀಯಾ ಅಂತ ಕೇಳಿದ್ರು. ಟಿವಿ ಹತ್ರ ಹೊಗೆ ಹಿಂದಕ್ಕೆ ಹಾರ್ತಿತ್ತು, ಸರಿ. ಆದ್ರೆ ಬೆಡ್‌ರೂಮಿನ ಸ್ವಿಚ್ ಬೋರ್ಡ್ ಹತ್ರನೂ ಹಾರ್ತಿದೆ! ಆ ಟಿವಿ ಪೈಪು ಒಳಗೆ ಜಂಕ್ಷನ್ ಬಾಕ್ಸಲ್ಲಿ ಕರೆಂಟ್ ಪೈಪುಗಳಿಗೆ ಸೇರ್ಕೊಂಡಿತ್ತು, ಹೆಂಚಿನ ಕೆಳಗಿನ ಒದ್ದೆ ಗಾಳಿ ಮನೆಯ ಒಂದೊಂದು ಬೋರ್ಡಿಂದನೂ ಇಳೀತಿತ್ತು. ಕನ್ಸೀಲ್ಡ್ ಪೈಪ್ ಅಂದ್ರೆ ಗಾಳಿಗೆ ಹೈವೇ, ಇದು ನಮ್ಮಲ್ಲಿ ಯಾರೂ ನೋಡಲ್ಲ.

ಆ ಪೈಪನ್ನ ಮೇಲೂ ಕೆಳಗೂ ಕ್ಯಾಪ್ ಹಾಕಿ ಗಮ್ ಹಚ್ಚಿ ಸಾಯಿಸಿದೆ. ಗೋಡೇಲೇ ಹೊಸ ತೂತು, ಕೇಬಲ್ ಸುತ್ತ ಸಿಲಿಕಾನ್. ಒಂದು ಗಾಳಿಮಳೆಗೆ ಕೇಬಲ್ ಅಲ್ಲಾಡಿ ಸಿಲಿಕಾನ್ ರಿಂಗಿನ ಹಾಗೆ ಬಿಟ್ಕೊಂಡು ಬಂತು, ಆ ಕೇಬಲ್ ಸಿಪ್ಪೆಗೆ ಅದು ಹಿಡಿಯೋದೇ ಇಲ್ಲ. ಅಷ್ಟೊತ್ತಿಗೆ ನನ್ನ ಕೈಯಿಂದ ಪೆಟ್ರೋಲ್ ಸೇರಿ ಐದಾರು ಸಾವಿರ ಹೋಗಿತ್ತು, ಅಂಕಲ್ ಕೊಟ್ಟಿದ್ದು ಹದಿನೈದು ನೂರು.

ಕೊನೆಗೆ ಗೆದ್ದಿದ್ದು ಪಿಜಿ 9 ಗ್ಲ್ಯಾಂಡು. ಪ್ಯಾನೆಲ್ ಬೋರ್ಡಿನವರು ಹಾಕೋ, ತಿರುಗಿಸಿದ್ರೆ ಒಳಗಿನ ರಬ್ಬರ್ ಕೇಬಲನ್ನ ಬಿಗಿಯಾಗಿ ಹಿಡಿಯೋ ಪ್ಲಾಸ್ಟಿಕ್ ಬಿರಡೆ, ಒಂದಕ್ಕೆ ಹದಿನೈದೋ ಇಪ್ಪತ್ತೋ ರೂಪಾಯಿ. ಡಿಶ್ಶಿಗೆ ಹಾಕೋ ಆರ್‌ಜಿ 6 ಕೇಬಲ್ 7 ಎಂಎಂ ದಪ್ಪದ ಹತ್ರ ಇರೋದ್ರಿಂದ ಪಿಜಿ 9 ರಬ್ಬರ್ ಚೆನ್ನಾಗಿ ಕಚ್ಚುತ್ತೆ, ಪಿಜಿ 7 ತಗೋಬೇಡಿ, ತೂರಲ್ಲ. ಗೋಡೇಲಿ 25 ಎಂಎಂ ಪಿವಿಸಿ ಪೈಪ್ ಹೊರಗಡೆಗೆ ಇಳಿಜಾರಾಗಿ ಕೂರ್ಸಿ, ಸುತ್ತ ಗಾರೆ ತುಂಬಿ ಎರಡು ದಿನ ಒಣಗಕ್ಕೆ ಬಿಟ್ಟೆ. ಎರಡೂ ಬದಿ ಎಂಡ್ ಕ್ಯಾಪು, ಕ್ಯಾಪಿನ ನಡುವೆ 16 ಎಂಎಂ ಡ್ರಿಲ್ ಬಿಟ್‌ನಿಂದ ತೂತು, ಅದಕ್ಕೆ ಗ್ಲ್ಯಾಂಡು. ಕೇಬಲ್ ತುದಿಗೆ ಹಾಕೋ ಎಫ್ ಕನೆಕ್ಟರ್ ಗ್ಲ್ಯಾಂಡಲ್ಲಿ ತೂರಲ್ಲ, ಕೇಬಲ್ ದಾಟ್ಸಿ ಆಮೇಲೆ ಅದನ್ನ ಒತ್ತಿ ಕೂರ್ಸಿ, ನಾನು ಮರೆತು ಮೂರು ಕನೆಕ್ಟರ್ ಕತ್ತರಿಸಿ ಬಿಸಾಕಿದ್ದೀನಿ. ಹೊರಗೆ ಕೇಬಲ್ ಒಂದು ಗೇಣು ಕೆಳಗೆ ಜೋತು ಬಿಟ್ಟೇ ಮೇಲಕ್ಕೆ ತನ್ನಿ, ಇಲ್ದಿದ್ರೆ ನೀರು ಸೀದಾ ಗ್ಲ್ಯಾಂಡ್ ಬಾಯಿಗೆ. ಎರಡು ಕ್ಯಾಪ್ ಮಧ್ಯೆ ಪೈಪೊಳಗೆ ನಾನು ಒಂದು ಸಾಮಾನು ತುಂಬ್ತೀನಿ, ಅದೇನು ಅಂತ ಹೇಳಲ್ಲ, ಹೊಟ್ಟೆಪಾಡು. ಮಡಿಕೇರಿ ಹಾರ್ಡ್‌ವೇರ್ ಅಂಗಡೀಲೇ ಸಿಗುತ್ತೆ, ಇಷ್ಟು ಸಾಕು.

ಅಷ್ಟು ಮಾಡಿದ್ರೂ ಊದುಬತ್ತಿ ಹೊಗೆ ಬಾಕ್ಸ್ ಹತ್ರ ಒಂಚೂರು ಬಳುಕ್ತಿತ್ತು. ತಲೆ ಕೆಟ್ಟೋಯ್ತು. ಮನೆಗೆ ಬಂದು ಅದೇ ಕೇಬಲ್ ಎರಡು ಮೀಟರ್ ತುಂಡಿಗೆ ಸೈಕಲ್ ಪಂಪ್ ಕಟ್ಟಿ, ಇನ್ನೊಂದು ತುದಿ ಸೋಪಿನ ನೀರಲ್ಲಿ ಅದ್ದಿದೆ. ಬುಳುಬುಳು ಗುಳ್ಳೆ! ಸಿಪ್ಪೆಗೂ ಒಳಗಿನ ಜಾಲರಿಗೂ ನಡುವೆ ಗಾಳಿ ಹೋಗ್ತಿದೆ. ಅಗ್ಗದ ಕೇಬಲಲ್ಲಿ ಜಾಸ್ತಿ, ಒಳಗೆ ಜೆಲ್ಲಿ ಇರೋದ್ರಲ್ಲಿ ಇಲ್ವೇ ಇಲ್ಲ. ಮಳೆಗಾಲದಲ್ಲಿ ಇದೇ ದಾರೀಲಿ ನೀರೂ ಇಳಿದು ಬಾಕ್ಸ್ ಹಾಳಾಗೋದು, ಕಸ್ಟಮರ್ ಸಿಡಿಲು ಅಂತಾರೆ. ಸಿಡಿಲಿಗೂ ಏಪ್ರಿಲ್-ಮೇಲಿ ಬಾಕ್ಸ್ ಹೋಗುತ್ತೆ, ಇಲ್ಲ ಅನ್ನಲ್ಲ, ಅದಕ್ಕೆ ಕೇಬಲನ್ನ ಅರ್ತ್ ವೈರಿಗೆ ಸೇರ್ಸೋ ಅರ್ತಿಂಗ್ ಬ್ಲಾಕ್ ಗೋಡೆ ಹೊರಗೇ ಹಾಕಿ, ಅರ್ತ್ ವೈರಿಗೆ ಅಂತ ಇನ್ನೊಂದು ತೂತು ಹೊಡೆಯೋದು ತಪ್ಪುತ್ತೆ.

ಮಧ್ಯೆ ಒಂದು ಹುಚ್ಚು ಪ್ರಯೋಗ. ಡಿಶ್ಶನ್ನೇ ಒಳಗಿಟ್ರೆ ಹೆಂಗೆ ಅಂತ ನಮ್ಮ ಮನೆ ಕಾಫಿ ಶೆಡ್ಡಲ್ಲಿ, ಹೆಂಚಿನ ಮಧ್ಯೆ ಬೆಳಕಿಗೆ ಹಾಕಿರೋ ಫೈಬರ್ ಶೀಟ್ ಕೆಳಗೆ 60 ಸೆಂಟಿಮೀಟರ್ ಡಿಶ್ ಇಟ್ಟು 93.5 ಡಿಗ್ರಿ ಪೂರ್ವದಲ್ಲಿರೋ ಸ್ಯಾಟಲೈಟಿಗೆ ತಿರುಗಿಸಿದೆ. ನಮ್ಮಲ್ಲಿಂದ ಅದು ಹೆಚ್ಚುಕಮ್ಮಿ 65 ಡಿಗ್ರಿ ಮೇಲೆ, ಶೀಟ್ ಸರಿಯಾಗಿ ಅಡ್ಡ ಸಿಕ್ತು. ಬಿಸಿಲಲ್ಲಿ ಸಿಗ್ನಲ್ ಕ್ವಾಲಿಟಿ 55 ಬಂತು, ಕುಣಿದಾಡ್ದೆ. ಸಂಜೆ ಶೀಟ್ ಮೇಲೆ ಮಂಜು ಕೂತ ಕೂಡ್ಲೇ ಸೊನ್ನೆ. ಬಿಟ್ಟಾಕ್ದೆ. ಅಂಕಲ್ ಮನೇಲಿ 90 ಸೆಂಟಿಮೀಟರ್ ಡಿಶ್ಶನ್ನ ಅಂಗಳದಲ್ಲಿ ಕಂಬಕ್ಕೆ ಹಾಕಿದ್ದೀನಿ, ಆಗ್ನೇಯಕ್ಕೆ ಒಂದು ಸಿಲ್ವರ್ ಓಕ್ ಕೊಂಬೆ ಕಡಿಸ್ಬೇಕಾಯ್ತು. ಮಳೆ ಜೋರು ಹೊಡೆದ್ರೆ ಅದೂ ಹೋಗುತ್ತೆ, ಅದಕ್ಕೆ ನನ್ನತ್ರ ಮದ್ದಿಲ್ಲ.

ಕೇಬಲ್ ಬದಲಾಯಿಸಿ ಜೆಲ್ಲೀದು ಹಾಕಿದೆ. ಕಕ್ಕಡ 18ರ ದಿನ, ಅಂದ್ರೆ ಆಗಸ್ಟ್ ಮೊದಲ ವಾರ ಕೊಡಗಲ್ಲಿ ಮದ್ದುಸೊಪ್ಪು ತಿನ್ನೋ ದಿನ, ಹೊರಗೆ ಆನೆ ನಿಂತ್ರೂ ಕಾಣದಂಥ ಮಂಜು, ಮತ್ತೆ ಊದುಬತ್ತಿ ಹಿಡಿದೆ. ಹೊಗೆ ದಾರದ ಹಾಗೆ ನೆಟ್ಟಗೆ ಮೇಲಕ್ಕೆ ಹೋಯ್ತು, ಗ್ಲ್ಯಾಂಡ್ ಪಕ್ಕದಲ್ಲೂ, ಬೆಡ್‌ರೂಮ್ ಬೋರ್ಡ್ ಪಕ್ಕದಲ್ಲೂ. ಮೀಟರ್ 58. ಮಷೀನ್ ನೀರು ಈಗ ಒಂದೂವರೆ ದಿನಕ್ಕೊಂದು ಸಲ ಚೆಲ್ಲೋದಂತೆ. ಆಂಟಿ ಮದ್ದುಸೊಪ್ಪಿನ ಪಾಯಸ ಕೊಟ್ರು, ಅಂಕಲ್ ಬೆನ್ನು ತಟ್ಟಿದ್ರು.

ಈಗ ಇದೇ ಕೆಲ್ಸಕ್ಕೆ ಒಂದು ಪಾಯಿಂಟಿಗೆ 1,800 ತಗೋತೀನಿ, ಸಾಮಾನು ಖರ್ಚು ಇನ್ನೂರೈವತ್ತು ದಾಟಲ್ಲ, ಕೇಬಲ್ ಬೇರೆ. ಎರಡು ಹೋಮ್‌ಸ್ಟೇ ಆಗಿದೆ, ಮೂರನೇದು ನಡೀತಿದೆ. ನಕ್ಕಿದ್ನಲ್ಲ ಆ ಸೀನಿಯರ್, ಮೊನ್ನೆ ಫೋನ್ ಮಾಡಿ ಪೈಪೊಳಗೆ ಏನು ತುಂಬ್ತೀಯ ಅಂತ ಕೇಳಿದ. ನೆಟ್‌ವರ್ಕ್ ಇಲ್ಲ, ಕೇಳಿಸ್ತಿಲ್ಲ ಅಂದೆ.