ವಿಕ್ಟೋರಿಯಾ ದಡದ ನೊಣಕ್ಕೆ ಹೆಸರಿಡುವ ಕೆಲಸ

ಮೊದಲೇ ಹೇಳಿಬಿಡುತ್ತೇನೆ, ಈ ಬರಹದಲ್ಲಿ ಆ ನೊಣದ ಹೆಸರು ಸಿಗುವುದಿಲ್ಲ. ಹೆಸರು ಇಟ್ಟಾಗಿದೆ, ಪ್ರಬಂಧವೂ ಬರೆದಾಗಿದೆ. ಆದರೆ ವಿವರಣೆ ಅಚ್ಚಾಗುವ ಮುಂಚೆ ಹೆಸರನ್ನು ಎಲ್ಲೆಂದರಲ್ಲಿ ಹಾಕಬಾರದು. ವಿವರಣೆಯೇ ಇಲ್ಲದೆ ಓಡಾಡುವ ಹೆಸರಿಗೆ ನಮ್ಮ ಕಸುಬಿನಲ್ಲಿ 'ನೋಮೆನ್ ನ್ಯೂಡಮ್' ಅಂತಾರೆ. ಅದಕ್ಕೆ ಯಾವ ಮಾನ್ಯತೆಯೂ ಇಲ್ಲ, ಆಮೇಲೆ ಬರುವವರಿಗೆ ತಲೆನೋವು ಮಾತ್ರ. ಹಾಗಾಗಿ ಇಲ್ಲಿ ಅದು ಸುಮ್ನೆ 'ನಮ್ಮ ನೊಣ'. ಕುಲ ಯಾವುದು ಅಂತ ಹೇಳಬಹುದು: ಆಕ್ಥೆರಾ. ಸಿಕ್ಕಿದ್ದು ಕೀನ್ಯಾದ ಪಶ್ಚಿಮ ತುದಿಯಲ್ಲಿ, ವಿಕ್ಟೋರಿಯಾ ಸರೋವರದ ದಡದ ಎಂಬಿಟಾ ಊರಿನ ಹತ್ತಿರ.

ಆಕ್ಥೆರಾ ಸೇರುವ ಕುಟುಂಬ ಎಫಿಡ್ರಿಡೇ. ನೀರಿನಂಚಿನಲ್ಲಿ ಬದುಕುವ ಸಣ್ಣ ನೊಣಗಳು, ದಡದ ನೊಣಗಳು ಅಂದರೆ ಸಾಕು. ಪ್ರಪಂಚದಲ್ಲಿ ಸುಮಾರು 2000 ಜಾತಿಗಳಿಗೆ ಹೆಸರಿದೆ. ಬೇರೆ ಯಾರೂ ಬಾಳಲಾಗದ ಜಾಗಗಳೇ ಇವಕ್ಕೆ ಇಷ್ಟ. ಕ್ಯಾಲಿಫೋರ್ನಿಯಾದ ಮೋನೋ ಸರೋವರದ ಉಪ್ಪುಸೋಡದ ನೀರಿನಲ್ಲಿ ಒಂದು ಜಾತಿ ರಾಶಿ ರಾಶಿ ಬೆಳೆಯುತ್ತದೆ. ಕ್ಯಾಲಿಫೋರ್ನಿಯಾದ್ದೇ ಇನ್ನೊಂದು ಜಾತಿಯ ಮರಿ ಕಚ್ಚಾ ಎಣ್ಣೆಯ ಹೊಂಡದಲ್ಲೇ ಈಜಾಡುತ್ತಾ ದೊಡ್ಡದಾಗುತ್ತದೆ. ನಮ್ಮ ಭತ್ತದ ಗದ್ದೆಗಳಲ್ಲಿ ಸುಳಿಯೊಳಗೆ ಸೇರಿ ಎಳೆ ಎಲೆಯ ಅಂಚನ್ನು ತಿನ್ನುವ ಹೈಡ್ರೆಲಿಯಾ ಫಿಲಿಪ್ಪಿನಾ ಕೂಡ ಇದೇ ಕುಟುಂಬದ್ದು. ನನಗೆ ಈ ನೊಣಗಳ ಪರಿಚಯವಾಗಿದ್ದು ಆ ಗದ್ದೆಯ ನೊಣದಿಂದಲೇ.

ಆಕ್ಥೆರಾ ಮಾತ್ರ ಬೇಟೆಗಾರರ ಕುಲ. ಮುಂಗಾಲಿನ ತೊಡೆ ದಪ್ಪಗೆ ಉಬ್ಬಿದೆ. ಅದರ ಕೆಳಗಿನ ತುಂಡು, ಅಂದರೆ ಟಿಬಿಯಾ, ಒಳಕ್ಕೆ ಬಾಗಿ ತುದಿಯಲ್ಲಿ ಮುಳ್ಳಾಗಿ ಚಾಚಿದೆ. ಎರಡೂ ಮಡಚಿದರೆ ಥೇಟ್ ಅಡಕತ್ತರಿ. 1776ರಲ್ಲಿ ಸ್ವೀಡನ್ನಿನ ಡಿ ಗೀರ್ ಯುರೋಪಿನ ಜಾತಿಯೊಂದನ್ನು ನೋಡಿ ಅದಕ್ಕೆ 'ಮ್ಯಾಂಟಿಸ್' (ಮುಂಗಾಲಿನಿಂದ ಬೇಟೆ ಹಿಡಿಯುವ ಬೇರೊಂದು ಕೀಟದ ಹೆಸರು) ಅಂತಲೇ ಹೆಸರಿಟ್ಟ. 1802ರಲ್ಲಿ ಫ್ರಾನ್ಸಿನ ಲಾತ್ರೇಯ್ ಅದಕ್ಕಾಗಿ ಆಕ್ಥೆರಾ ಅನ್ನುವ ಕುಲ ಮಾಡಿದ. ಆಫ್ರಿಕಾದಲ್ಲಿ ಚೆನ್ನಾಗಿ ಗೊತ್ತಿರುವ ಜಾತಿ ಆಕ್ಥೆರಾ ಚಾಲಿಬೆಸೆನ್ಸ್, 1862ರಲ್ಲಿ ಜರ್ಮನಿಯ ಹೆರ್ಮಾನ್ ಲೋವ್ ವಿವರಿಸಿದ್ದು. ಅದು ಮಲೇರಿಯಾ ಹರಡುವ ಅನಾಫಿಲಿಸ್ ಗ್ಯಾಂಬಿಯೇ ಸೊಳ್ಳೆಯ ಮರಿಗಳನ್ನು ಹಿಡಿದು ತಿನ್ನುತ್ತದೆ ಅಂತ 2007ರಲ್ಲಿ ಒಂದು ಅಧ್ಯಯನ ಬಂತು. ಸೊಳ್ಳೆ ಮರಿಗಳ ಶತ್ರುಗಳನ್ನು ಹುಡುಕುವ ಕೆಲಸಕ್ಕೆ ನಾನು ಕೀನ್ಯಾಗೆ ಹೋಗಿದ್ದಕ್ಕೆ ಅದೂ ಒಂದು ಕಾರಣ.

ಎಂಬಿಟಾದ ದಡದಲ್ಲಿ ಓಮೆನಾ ಅನ್ನುವ ಪುಟ್ಟ ಮೀನನ್ನು ಹಳೆ ಬಲೆಗಳ ಮೇಲೆ ಹರವಿ ಒಣಗಿಸುತ್ತಾರೆ. ಅಲ್ಲಿ ನೊಣಗಳಿಗೇನು ಬರ. ಆದರೆ ನನಗೆ ಬೇಕಾದವು ಅಲ್ಲಿರಲಿಲ್ಲ. ಅವಿದ್ದದ್ದು ದನ ನೀರಿಗಿಳಿಯುವ ಕೆಸರಿನಲ್ಲಿ. ಮಳೆ ಬಂದು ಬಿಟ್ಟ ಮೇಲೆ ಗೊರಸಿನ ಗುಳಿಗಳಲ್ಲಿ ನೀರು ನಿಲ್ಲುತ್ತದೆ. ಅನಾಫಿಲಿಸ್ ಮೊಟ್ಟೆಯಿಡುವುದು ಇಂಥ ಬಿಸಿಲು ಬೀಳುವ ಚಿಕ್ಕ ಗುಳಿಗಳಲ್ಲೇ. ಅದರ ಮರಿ ಉಸಿರಾಡುವಾಗ ನೀರಿನ ಮೇಲ್ಮೈಗೆ ಒತ್ತಿಕೊಂಡು ಅಡ್ಡಡ್ಡ ಮಲಗಿರುತ್ತದೆ. ಆಕ್ಥೆರಾ ಗುಳಿಯ ಅಂಚಿಗೆ ನಡೆದು ಬರುತ್ತದೆ. ಸ್ವಲ್ಪ ಹೊತ್ತು ಅಲ್ಲಾಡುವುದಿಲ್ಲ. ಆಮೇಲೆ ಮುಂಗಾಲು ಚಾಚಿ, ಮರಿಯನ್ನು ಕವ್ವೆಂದು ಹಿಡಿದು ಕೆಸರಿಗೆ ಎಳೆದುಕೊಂಡು ಹೀರಲು ಶುರು. ಕೈಮಸೂರದಲ್ಲಿ ನೋಡಿದರೆ ಮರಿಯ ಮೈ ಚಪ್ಪಟೆಯಾಗುತ್ತಾ ಹೋಗುವುದು ಕಾಣಿಸುತ್ತದೆ. ಒಂದೇ ಗುಳಿಯ ಸುತ್ತ ಎರಡು ಮೂರು ನೊಣ ಇದ್ದರೆ ಬೇಟೆಗಿಂತ ಜಗಳವೇ ಜಾಸ್ತಿ. ಮುಂಗಾಲು ಎತ್ತಿ ಒಂದಕ್ಕೊಂದು ಬೀಸಿ ತೋರಿಸುತ್ತವೆ.

ಹಿಡಿಯುವುದಕ್ಕೆ ಬಲೆ ಬೀಸಿದರೆ ಹೆಚ್ಚು ಕಡಿಮೆ ಏನೂ ಸಿಗುವುದಿಲ್ಲ, ಇವುಗಳ ಕಣ್ಣು ಅಷ್ಟು ಚುರುಕು. ನಾನು ಮಾಡಿದ್ದು ಹೀಗೆ: ಸೂರ್ಯನಿಗೆ ಮುಖ ಮಾಡಿ ನಿಲ್ಲಬೇಕು, ಆಗ ನೆರಳು ಹಿಂದಕ್ಕೆ ಬೀಳುತ್ತದೆ. ಬಲೆಯ ಬಾಯಿಯನ್ನು ಕೆಸರಿಗೆ ತಾಗುವಷ್ಟು ಕೆಳಗಿಟ್ಟು ಮುಂದಕ್ಕೆ ಓಡಿಸುತ್ತಾ ಎರಡು ಮೂರು ಹೆಜ್ಜೆ ಬಿರುಸಾಗಿ ಹೋಗಬೇಕು. ಬಲೆಯ ತುದಿ ಮಡಚಿ, ಒಳಗೆ ತಲೆ ಹಾಕಿ, ಆಸ್ಪಿರೇಟರ್ ಕೊಳವೆಯಿಂದ ಒಂದೊಂದಾಗಿ ಹೀರಿ ತೆಗೆಯುವುದು. ಆಸ್ಪಿರೇಟರಿನ ಜಾಲರಿ ಚೆನ್ನಾಗಿ ಕೂತಿದೆಯಾ ಅಂತ ಮೊದಲೇ ನೋಡಿಕೊಳ್ಳಿ, ಇಲ್ಲದಿದ್ದರೆ ನೊಣ ಬಾಯಿಗೇ ಬರುತ್ತದೆ.

ಮೈಕ್ರೋಸ್ಕೋಪಿನ ಕೆಳಗೆ ಇಟ್ಟಾಗ ಒಂದೇ ದಡದಲ್ಲಿ ಹಿಡಿದ ನೊಣಗಳಲ್ಲಿ ಎರಡು ಗುಂಪು ಕಂಡವು. ಎರಡರದೂ ಉದ್ದ ನಾಲ್ಕು ಮಿಲಿಮೀಟರ್ ಆಸುಪಾಸು, ಎರಡೂ ಕಡುಬಣ್ಣದವು. ಆದರೆ ಒಂದು ಗುಂಪಿನಲ್ಲಿ ಟಿಬಿಯಾ ತುದಿಯ ಮುಳ್ಳು ಗಿಡ್ಡ, ಮುಖದ ಮೇಲಿನ ಪುಡಿ ಬೇರೆ ಬಣ್ಣ. ಬಣ್ಣವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಆ ಪುಡಿ ಅಂದರೆ ಚರ್ಮದ ಮೇಲಿನ ಸೂಕ್ಷ್ಮ ರೋಮಗಳು. ಬೆಳಕಿನ ಕೋನ ಬದಲಾದರೆ ಬೆಳ್ಳಿ ಇದ್ದದ್ದು ಹೊನ್ನಾಗುತ್ತದೆ, ಆಲ್ಕೋಹಾಲಿನಲ್ಲಿ ನೆಂದರೆ ಎಲ್ಲ ಕಪ್ಪೇ. ಹಾಗಾಗಿ ನೊಣಗಳನ್ನು ಆಲ್ಕೋಹಾಲಿನಿಂದ ತೆಗೆದು ಎಚ್‌ಎಂಡಿಎಸ್ ದ್ರಾವಣದಲ್ಲಿ ಹಾಯಿಸಿ ಒಣಗಿಸಿದೆ. ಸುಮ್ನೆ ಗಾಳಿಗಿಟ್ಟರೆ ಕಣ್ಣು, ಹೊಟ್ಟೆ ಕುಸಿದುಹೋಗುತ್ತವೆ. ಒಣಗಿದ ಮೇಲೆ ತ್ರಿಕೋನಾಕಾರದ ಕಾಗದದ ಚೂಪಿಗೆ ಬಲಮಗ್ಗುಲು ಅಂಟಿಸಿ ಪಿನ್ನಿಗೆ ಚುಚ್ಚುವುದು. ಎಡಮಗ್ಗುಲು ಪೂರ್ತಿ ನೋಡಲಿಕ್ಕೆ ಖಾಲಿ ಇರಬೇಕು. ಲೇಬಲ್ಲಿನಲ್ಲಿ ದೇಶ, ಊರು, ಅಕ್ಷಾಂಶ ರೇಖಾಂಶ, ಎತ್ತರ, ತಾರೀಖು, ಹಿಡಿದವರ ಹೆಸರು. ವಿಕ್ಟೋರಿಯಾದ ನೀರಿನ ಮಟ್ಟ ಸಮುದ್ರಕ್ಕಿಂತ 1,135 ಮೀಟರ್ ಹತ್ತಿರ ಇದೆ, ದಡದ ಲೇಬಲ್ಲಿನಲ್ಲಿ ಬೇರೆ ಅಂಕಿ ಕಂಡರೆ ಜಿಪಿಎಸ್ ಮತ್ತೆ ನೋಡಬೇಕು ಅಂತ ಅರ್ಥ.

ನೊಣಗಳ ಜಾತಿ ತೀರ್ಮಾನವಾಗುವುದು ಬಹುತೇಕ ಗಂಡಿನ ಹಿಂಬದಿಯಲ್ಲಿ. ಹೊರಗೆ ಒಂದೇ ತರ ಕಾಣುವ ಜಾತಿಗಳಲ್ಲೂ ಜನನಾಂಗದ ಆಕಾರ ಬೇರೆ ಇರುತ್ತದೆ. ಒಣಗಿದ ನೊಣವನ್ನು ಒಂದು ರಾತ್ರಿ ತೇವದ ಡಬ್ಬಿಯಲ್ಲಿಟ್ಟು ಮೆತ್ತಗೆ ಮಾಡಿ, ಸಣ್ಣ ಸೂಜಿಯಿಂದ ಹೊಟ್ಟೆಯನ್ನು ಬೇರ್ಪಡಿಸುತ್ತೇನೆ. ಅದನ್ನು 10% ಪೊಟ್ಯಾಶಿಯಂ ಹೈಡ್ರಾಕ್ಸೈಡಿನಲ್ಲಿ ಹಾಕಬೇಕು. ಬಿಸಿ ಮಾಡಿದರೆ ಕೆಲಸ ಬೇಗ ಆಗುತ್ತದೆ, ಆದರೆ ಇಷ್ಟು ಚಿಕ್ಕ ನೊಣಕ್ಕೆ ನಾನು ತಣ್ಣಗೇ ರಾತ್ರಿಯಿಡೀ ಬಿಡುತ್ತೇನೆ. ಒಳಗಿನ ಮಾಂಸ, ಕೊಬ್ಬು ಕರಗಿ ಗಟ್ಟಿ ಭಾಗಗಳಷ್ಟೇ ಜೇನುಬಣ್ಣದಲ್ಲಿ ಉಳಿಯುತ್ತವೆ. ಆಮೇಲೆ ನೀರು, ಒಂದು ತೊಟ್ಟು ಅಸಿಟಿಕ್ ಆಮ್ಲ, ಮತ್ತೆ ನೀರು, ಕೊನೆಗೆ ಗುಳಿಯಿರುವ ಗಾಜಿನ ಮೇಲೆ ಗ್ಲಿಸರಿನ್.

ಗ್ಲಿಸರಿನ್ನಿನಲ್ಲಿ ಅದನ್ನು ಬೇಕಾದ ಕಡೆಗೆ ತಿರುಗಿಸಿ ನಿಲ್ಲಿಸುವುದೇ ಅಸಲಿ ಕಷ್ಟ. ಹಿಂದಿನಿಂದ ನೋಡಿದರೆ ಎಪಾಂಡ್ರಿಯಮ್ ಕಾಣುತ್ತದೆ, ಹಿಂಬದಿಯ ಚಾವಣಿಯಂಥ ತಗಡು. ಅದರ ಕೆಳಗೆ ಸರ್ಸ್ಟೈಲಸ್‌ಗಳು, ಹಿಡಿಕೆಯಂಥ ಚಾಚುಗಳು. ಒಳಗಿನ ಫ್ಯಾಲಸ್, ಅಂದರೆ ಶಿಶ್ನ, ಮತ್ತು ಅದರ ಪಕ್ಕದ ಗಟ್ಟಿ ತುಂಡಾದ ಗೊನೈಟ್ ಸರಿಯಾಗಿ ಕಾಣಬೇಕಾದರೆ ಪೂರ್ತಿ ಮಗ್ಗುಲಾಗಬೇಕು. ಕೂದಲೆಳೆಯಷ್ಟು ವಾಲಿದರೂ ಆಕಾರ ಬದಲಾಗಿ, ಇಲ್ಲದ ಜಾತಿ ಹುಟ್ಟಿಕೊಳ್ಳುತ್ತದೆ. ಗ್ಲಿಸರಿನ್ ಜೆಲ್ಲಿಯ ಒಂದು ಚೂರಿಗೆ ಒತ್ತಿ ನಿಲ್ಲಿಸಿದರೆ ಅಲ್ಲಾಡುವುದಿಲ್ಲ. ಆಗ ಮೈಕ್ರೋಸ್ಕೋಪಿಗೆ ಡ್ರಾಯಿಂಗ್ ಟ್ಯೂಬ್ ಹಾಕಿ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುವುದು. ಫೋಟೋ ತೆಗೆಯಬಹುದಲ್ವಾ ಅಂತ ಕೇಳುತ್ತಾರೆ. ತೆಗೆಯುತ್ತೇನೆ. ಆದರೆ ಕೈಯಲ್ಲಿ ಬಿಡಿಸುವಾಗ ಈ ಅಂಚು ಎಲ್ಲಿ ಮುಗಿಯುತ್ತದೆ, ಈ ರೋಮ ಯಾವ ತಗಡಿನ ಮೇಲಿದೆ ಅಂತ ಪ್ರತಿ ಗೆರೆಗೂ ತೀರ್ಮಾನ ಮಾಡಲೇಬೇಕು. ಫೋಟೋದಲ್ಲಿ ತಪ್ಪಿಸಿಕೊಳ್ಳಬಹುದು. ಚಿತ್ರ ಮುಗಿದ ಮೇಲೆ ಆ ಹೊಟ್ಟೆ ಒಂದು ತೊಟ್ಟು ಗ್ಲಿಸರಿನ್ ಇರುವ ಪುಟ್ಟ ಕೊಳವೆಗೆ ಹೋಗುತ್ತದೆ. ಕೊಳವೆ ಅದೇ ನೊಣದ ಪಿನ್ನಿಗೆ. ಬೇರೆ ಪಿನ್ನಿಗೆ ಹೋದರೆ ಎಲ್ಲವೂ ಮಣ್ಣುಪಾಲು.

ಎರಡು ಗುಂಪುಗಳ ಗೊನೈಟ್ ಬೇರೆ ಬೇರೆ ಅಂತ ಖಚಿತವಾಯಿತು. ಒಂದು ಚಾಲಿಬೆಸೆನ್ಸ್, ಇನ್ನೊಂದು ನಮ್ಮ ನೊಣ. ಹೊಸ ಜಾತಿ ಸಿಕ್ಕಿತು ಅಂತ ಊರವರು ಫೋನ್ ಮಾಡಿ ಅಭಿನಂದಿಸುವ ಹೊತ್ತು ಇದೇ. ನನ್ನ ಲೆಕ್ಕದಲ್ಲಿ ಕೆಲಸ ಇಲ್ಲಿಂದ ಶುರು. ನನಗೆ ಗೊತ್ತಿಲ್ಲದ್ದು ಹೊಸದಾಗಬೇಕಾಗಿಲ್ಲ. ನೂರಾರು ವರ್ಷಗಳಲ್ಲಿ ಯಾರಾದರೂ ಯಾವುದಾದರೂ ಭಾಷೆಯಲ್ಲಿ ಇದಕ್ಕೆ ಹೆಸರಿಟ್ಟಿದ್ದರೆ ಆ ಹೆಸರೇ ಗೆಲ್ಲುತ್ತದೆ, ನನ್ನದು ಕಸದಬುಟ್ಟಿಗೆ. ಹಾಗಾಗಿ ಆಫ್ರಿಕಾದಿಂದ ಈ ಕುಲದಲ್ಲಿ ಇಟ್ಟ ಒಂದೊಂದು ಹೆಸರನ್ನೂ ಹಿಡಿದು, ಇದು ಅದಲ್ಲ ಅಂತ ತೋರಿಸಬೇಕು.

ಮ್ಯಾಥಿಸ್ ಮತ್ತು ಜಾಟ್ವಾರ್ನಿಟ್ಸ್ಕಿ 1995ರಲ್ಲಿ ತಂದ ಪ್ರಪಂಚದ ದಡದ ನೊಣಗಳ ಪಟ್ಟಿ ಇಲ್ಲದಿದ್ದರೆ ನನ್ನಂಥವರ ಗತಿ ಏನಾಗುತ್ತಿತ್ತೋ. ಅಲ್ಲಿಂದ ಒಂದೊಂದೇ ಮೂಲ ಬರಹಕ್ಕೆ ಹೋಗಬೇಕು. ಲ್ಯಾಟಿನ್, ಜರ್ಮನ್, ಫ್ರೆಂಚ್, ಇಟಾಲಿಯನ್, ಎಲ್ಲವೂ ಬರುತ್ತವೆ. 1977ರಲ್ಲಿ ಕ್ಲಾಸೆನ್ ಈ ಕುಲವನ್ನು ಪರಿಷ್ಕರಿಸಿದಾಗ ಆಫ್ರಿಕಾದ ಒಂದು ಜಾತಿಯನ್ನೂ ಭಾರತದ ಒಂದು ಹೊಸ ಜಾತಿಯನ್ನೂ ಅದರಲ್ಲಿ ಸೇರಿಸಿದ್ದರು, ಅದರಿಂದ ನನಗೆ ಒಳ್ಳೆಯ ಆಧಾರ ಸಿಕ್ಕಿತು. ಹಳೆಯ ಬರಹಗಳು ಅಷ್ಟು ಉದಾರವಾಗಿಲ್ಲ. ಲೋವ್ ಕಾಲದಲ್ಲಿ ನಾಲ್ಕಾರು ಸಾಲಿನಲ್ಲಿ ಜಾತಿ ಮುಗಿದುಹೋಗುತ್ತಿತ್ತು. ಕಪ್ಪು, ಹೊಳಪು, ಕಾಲು ಹೀಗೆ, ರೆಕ್ಕೆ ಹಾಗೆ. ಜನನಾಂಗದ ಸುದ್ದಿಯೇ ಇಲ್ಲ. ಅಂಥ ವಿವರಣೆಗೆ ಇವತ್ತಿನ ನಾಲ್ಕು ಜಾತಿಗಳು ಹೊಂದಿಕೊಳ್ಳಬಹುದು.

ಆಗ ಉಳಿಯುವ ದಾರಿ ಒಂದೇ, ಹೆಸರು ಹೊತ್ತ ಮೂಲ ನೊಣವನ್ನೇ ನೋಡುವುದು. ಆಫ್ರಿಕಾದ ಹಳೆಯ ನೊಣಗಳು ಆಫ್ರಿಕಾದಲ್ಲಿಲ್ಲ. ಅವು ಲಂಡನ್, ಬರ್ಲಿನ್, ಸ್ಟಾಕ್‌ಹೋಮ್, ವಿಯೆನ್ನಾ, ಬೆಲ್ಜಿಯಮ್ಮಿನ ಟೆರ್ವೂರೆನ್ ಮ್ಯೂಸಿಯಮ್ಮುಗಳಲ್ಲಿವೆ. ದಕ್ಷಿಣ ಆಫ್ರಿಕಾದ ಕಡೆ ಸಾವಿರಾರು ಕೀಟ ಕೂಡಿಸಿದ ಸ್ವೀಡನ್ನಿನ ವಾಲ್‌ಬೆರಿಯನ್ನು 1856ರಲ್ಲಿ ಇವತ್ತಿನ ಬೋಟ್ಸ್ವಾನಾದಲ್ಲಿ ಆನೆ ಕೊಂದಿತು. ಅವನು ಕಳಿಸಿದ್ದ ನೊಣಗಳನ್ನು ಲೋವ್ ಯುರೋಪಿನಲ್ಲಿ ಕೂತು ವಿವರಿಸಿದ. ಅಂಥ ಪಿನ್ನುಗಳನ್ನು ಅಂಚೆಯಲ್ಲಿ ಕಳಿಸಿ ಅಂತ ಕೇಳುವುದು ಸರಿಯಲ್ಲ, ನಾನು ಕೇಳುವುದೂ ಇಲ್ಲ. ಯಾವ ಕೋನದ ಫೋಟೋ ಬೇಕು ಅಂತ ಚಿತ್ರ ಬಿಡಿಸಿ ಕಳಿಸುತ್ತೇನೆ: ಮುಂಗಾಲು ಹೊರಮಗ್ಗುಲು, ಟಿಬಿಯಾ ತುದಿ, ಮುಖ ಎದುರಿಗೆ, ಪಿನ್ನಿನ ಎಲ್ಲ ಲೇಬಲ್ಲುಗಳು. ಹೀಗೆ ಸ್ಪಷ್ಟವಾಗಿ ಕೇಳಿದರೆ ಮ್ಯೂಸಿಯಮ್ಮಿನವರು ಖುಷಿಯಿಂದ ಮಾಡಿಕೊಡುತ್ತಾರೆ. ನಮ್ಮ ನೊಣದ ಟಿಬಿಯಾ ಮುಳ್ಳು ಹಳೆಯ ಯಾವ ಹೆಸರಿಗೂ ಕೂಡಲಿಲ್ಲ.

ಡಿಎನ್‌ಎ ಬಾರ್‌ಕೋಡ್, ಅಂದರೆ ಜಾತಿ ಗುರುತಿಸಲು ಓದುವ ಡಿಎನ್‌ಎಯ ಚಿಕ್ಕ ತುಣುಕು, ಅದನ್ನೂ ಮಾಡಿಸಿದೆವು. ಅದಕ್ಕೆ ಒಂದು ಕಾಲು ಸಾಕು. ನಾನು ಯಾವಾಗಲೂ ಬಲಗಡೆಯ ನಡುಗಾಲು ತೆಗೆಯುತ್ತೇನೆ. ಆಕ್ಥೆರಾದಲ್ಲಿ ಮುಂಗಾಲು ಮುಟ್ಟಿದಿರೋ, ಜಾತಿಯ ಅರ್ಧ ಗುರುತು ಹೋಯಿತು. ಬಾರ್‌ಕೋಡಿನಲ್ಲೂ ಎರಡು ಗುಂಪು ದೂರ ದೂರ ನಿಂತವು. ಹೆಣ್ಣುಗಳಲ್ಲಿ ಯಾವುದು ಯಾವ ಗಂಡಿನ ಜೊತೆಯದು ಅಂತ ಗೊತ್ತಾಗಿದ್ದು ಇದರಿಂದಲೇ. ಆದರೆ 1862ರ ನೊಣದ ಬಾರ್‌ಕೋಡ್ ನನ್ನ ಹತ್ತಿರ ಇಲ್ಲವಲ್ಲ. ಹಳೆಯ ಹೆಸರುಗಳ ಎದುರು ನಿಲ್ಲುವುದು ಕಾಲು ಮತ್ತು ಗೊನೈಟ್ ಚಿತ್ರಗಳೇ.

ನಿಯಮಗಳ ಭಾಗ ಬೇಗ ಹೇಳಿ ಮುಗಿಸುತ್ತೇನೆ. 1999ರ ನಂತರ ಹೊಸ ಜಾತಿಗೆ ಮೂಲ ಮಾದರಿ ಯಾವುದು ಅಂತ ಬರಹದಲ್ಲಿ ಸ್ಪಷ್ಟವಾಗಿ ಹೇಳಲೇಬೇಕು, ಅದು ಯಾವ ಸಂಗ್ರಹದಲ್ಲಿ ಇರುತ್ತದೆ ಅಂತಲೂ. 2012ರಿಂದ ಆನ್‌ಲೈನ್ ಪತ್ರಿಕೆಯಲ್ಲಿ ಬಂದರೂ ನಡೆಯುತ್ತದೆ, ಆದರೆ ಅದಕ್ಕೆ ಮುಂಚೆ ಪ್ರಾಣಿಗಳ ಹೆಸರುಗಳ ಆನ್‌ಲೈನ್ ದಾಖಲೆಯಾದ ಝೂಬ್ಯಾಂಕಿನಲ್ಲಿ ನೋಂದಣಿ ಆಗಬೇಕು. ನಮ್ಮ ಹೋಲೋಟೈಪ್, ಅಂದರೆ ಆ ಮೂಲ ಮಾದರಿ, ಒಂದು ಗಂಡು, ಎರಡೂ ಮುಂಗಾಲು ಸರಿಯಾಗಿರುವುದು. ಅದು ನೈರೋಬಿಯ ರಾಷ್ಟ್ರೀಯ ಮ್ಯೂಸಿಯಮ್ಮಿಗೆ ಹೋಗುತ್ತದೆ. ಈ ವಿಷಯದಲ್ಲಿ ನನಗೂ ಕೀನ್ಯಾದ ಸಹಲೇಖಕರಿಗೂ ಚರ್ಚೆಯೇ ಆಗಲಿಲ್ಲ. ತಮ್ಮ ದಡದ ನೊಣ ನೋಡಲಿಕ್ಕೆ ಅಲ್ಲಿನ ಹುಡುಗರು ಇನ್ನು ಯುರೋಪಿನ ವೀಸಾ ಕೇಳಬೇಕಾ? ಸಂಶೋಧನೆಯ ಪರವಾನಗಿ, ಮಾದರಿ ಹೊರಗೆ ಒಯ್ಯುವ ಪರವಾನಗಿ, ಎರಡೂ ಮೊದಲೇ ಇರಬೇಕು. ಒಂದು ದೇಶದ ಜೀವಿಗಳನ್ನು ಬಳಸಿದರೆ ಅದರ ಲಾಭ ಆ ದೇಶಕ್ಕೂ ಸಿಗಬೇಕು ಅನ್ನುವ ನಾಗೋಯಾ ಒಪ್ಪಂದ 2014ರಲ್ಲಿ ಜಾರಿಗೆ ಬಂದ ಮೇಲೆ ಒಳ್ಳೆಯ ಪತ್ರಿಕೆಗಳೂ ಆ ಕಾಗದಗಳನ್ನು ಕೇಳುತ್ತವೆ.

ಹೆಸರನ್ನು ಸಹಲೇಖಕರೇ ಇಟ್ಟರು. ಆಕ್ಥೆರಾ ಲ್ಯಾಟಿನ್ ಲೆಕ್ಕದಲ್ಲಿ ಸ್ತ್ರೀಲಿಂಗ, ಗುಣವಾಚಕ ಇಟ್ಟರೆ ಕೊನೆ ಅದಕ್ಕೆ ಹೊಂದಬೇಕು. ನಾನು ನೋಡಿದ್ದು ಅಷ್ಟೇ.

ಈಗ ಪ್ರಬಂಧ ಎರಡನೇ ಸುತ್ತಿನ ಪರಿಶೀಲನೆಯಲ್ಲಿದೆ. ಒಬ್ಬ ಪರಿಶೀಲಕರು ಹೆಣ್ಣಿನ ವೆಂಟ್ರಲ್ ರಿಸೆಪ್ಟಕಲ್ ಚಿತ್ರ ಬೇಕು ಅಂದರು, ನ್ಯಾಯವಾದ ಮಾತೇ. ಗಂಡಿನ ವೀರ್ಯ ಕೂಡಿಡುವ ಪುಟ್ಟ ಗಟ್ಟಿ ಅಂಗ ಅದು, ಮೇಲೊಂದು ಮುಚ್ಚಳ, ಅದರಿಂದ ಹೊರಟ ಬಾಗಿದ ಬಾಲ. ಈ ಕುಟುಂಬದಲ್ಲಿ ಅದರ ಆಕಾರಕ್ಕೆ ಬೆಲೆಯಿದೆ. ಹೋಲೋಟೈಪಿನ ಜೊತೆಗೆ ವಿವರಣೆಗೆ ಆಧಾರವಾಗುವ ಉಳಿದ ಮಾದರಿಗಳಿಗೆ ಪ್ಯಾರಾಟೈಪ್ ಅಂತಾರೆ. ಹೆಣ್ಣು ಪ್ಯಾರಾಟೈಪ್‌ಗಳನ್ನು ಬಿಡಿಸಿ ಚಿತ್ರ ಸೇರಿಸಿದೆವು. ಇನ್ನೊಬ್ಬರು ಉಗಾಂಡಾ ಕಡೆಯ ದಡದಿಂದ ಬಂದ ಹೆಣ್ಣುಗಳನ್ನೂ ಪ್ಯಾರಾಟೈಪ್ ಮಾಡಿ ಅಂದರು. ಅದಕ್ಕೆ ನಾವು ಒಪ್ಪಲಿಲ್ಲ. ಅವುಗಳ ಕಾಲು ನಮ್ಮ ನೊಣದ್ದೇ, ಆದರೆ ಬಾರ್‌ಕೋಡ್ ಇಲ್ಲ, ಆ ಜಾಗದ ಗಂಡೂ ಸಿಕ್ಕಿಲ್ಲ. 'ಪರೀಕ್ಷಿಸಿದ ಇತರ ಮಾದರಿಗಳು' ಅನ್ನುವ ಕಡೆ ಅವನ್ನು ಹಾಕಿದ್ದೇವೆ. ಆ ದಡದ ಗಂಡು ಯಾರಿಗಾದರೂ ಸಿಕ್ಕರೆ, ಗೊನೈಟ್ ನೋಡಿ ಒಳಗೆ ಸೇರಿಸುವುದೋ ಹೊರಗಿಡುವುದೋ ಅವರೇ ತೀರ್ಮಾನ ಮಾಡಲಿ.