ಎಲ್ಲರೂ ಬಿಟ್ಟು ಓಡುವ ಜುಬ್ಯಾಟ್‌ನ್ನು ನಾನು ಕ್ರೋಬ್ಯಾಟ್ ಮಾಡಿದ್ದು

ಪೋಕೆಮಾನ್ ಗೋ ಅಂದರೆ ಊರಲ್ಲಿ ನಡೆದಾಡುತ್ತಾ, ಪೋಕೆಮಾನ್ ಅನ್ನುವ ಕಾಲ್ಪನಿಕ ಜೀವಿಗಳನ್ನು ಚೆಂಡು ಎಸೆದು ಹಿಡಿಯುವ ಫೋನ್ ಆಟ. ಅದನ್ನು ಆಡುವವರಲ್ಲಿ ಜುಬ್ಯಾಟ್ ಕಂಡರೆ ಮುಖ ಸಿಂಡರಿಸುವವರೇ ಜಾಸ್ತಿ. ನೀಲಿ ಬಾವಲಿ ಪರದೆ ಮೇಲೆ ಬಂದ ಕೂಡಲೇ ಹೊರಗೆ ಬಂದುಬಿಡುತ್ತಾರೆ. ಅದು ದೂರದಲ್ಲಿ ನಿಲ್ಲುತ್ತದೆ, ಒಂದು ಕಡೆ ನಿಲ್ಲುವುದೇ ಇಲ್ಲ, ಚೆಂಡು ಸುಮ್ನೆ ಹಾಳಾಗುತ್ತದೆ, ಸಿಕ್ಕರೂ ದುರ್ಬಲ. ಇದು ಅವರ ಮಾತು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೂ ನನಗೆ ಈ ಆಟದಲ್ಲಿ ಚೆಂಡು ಎಸೆಯಲು ಕಲಿಸಿದ್ದು ಇದೇ ಜುಬ್ಯಾಟ್. ಇವತ್ತು ನನ್ನ ಜೊತೆ ನಡೆಯುವ ಕ್ರೋಬ್ಯಾಟ್ ಕೂಡ ಅಂಥ ಒಂದು ಜುಬ್ಯಾಟ್‌ನಿಂದಲೇ ಬೆಳೆದಿದ್ದು. ಹೇಗೆ ಹಿಡಿದೆ, ಹೇಗೆ ಬೆಳೆಸಿದೆ ಅಂತ ಬರೆಯುತ್ತೇನೆ.

ಮೊದಲು ಈ ಜೀವಿಯ ಪರಿಚಯ ಬೇಕು. ಜುಬ್ಯಾಟ್ 1996ರ ಮೊದಲ ಪೋಕೆಮಾನ್ ವಿಡಿಯೋ ಗೇಮ್‌ಗಳಿಂದಲೂ ಇದೆ (ಮುಂದೆ ಮೂಲ ಆಟಗಳು ಅನ್ನುವುದು ಆ ಸಾಲಿನ ಆಟಗಳಿಗೆ). ಪೋಕೆಡೆಕ್ಸ್‌ನಲ್ಲಿ (ಪೋಕೆಮಾನ್‌ಗಳ ಪಟ್ಟಿ) ಅದರ ಸಂಖ್ಯೆ 41. ಪ್ರತಿ ಪೋಕೆಮಾನ್‌ಗೂ ಒಂದೋ ಎರಡೋ ಬಗೆ (ಟೈಪ್) ಇರುತ್ತದೆ; ಇದು ವಿಷ ಮತ್ತು ಹಾರಾಟ, ಎರಡೂ ಬಗೆ. ಕಣ್ಣೇ ಇಲ್ಲ. ಬಾಯಿ ಸದಾ ತೆರೆದಿರುತ್ತದೆ. ಆ ಬಾಯಿಯಿಂದ ನಮಗೆ ಕೇಳಿಸದ ಸದ್ದು ಹೊರಡಿಸಿ, ಅದರಿಂದ ಸುತ್ತಲಿನ ಜಾಗ ತಿಳಿದುಕೊಳ್ಳುತ್ತದೆ. ಮೂಲ ಆಟಗಳಲ್ಲಿ 22ನೇ ಲೆವೆಲ್‌ಗೆ ಅದು ಗೋಲ್‌ಬ್ಯಾಟ್ ಆಗುತ್ತದೆ. ಮೊದಲ ಆಟಗಳಲ್ಲಿ ಅಲ್ಲಿಗೇ ಮುಗಿದಿತ್ತು. 1999ರಲ್ಲಿ ಎರಡನೇ ತಲೆಮಾರಿನ ಆಟಗಳು ಬಂದಾಗ ಮೂರನೇ ರೂಪ ಸೇರಿತು. ಅದೇ ಕ್ರೋಬ್ಯಾಟ್, ಸಂಖ್ಯೆ 169. ಹಿಂಗಾಲುಗಳೂ ರೆಕ್ಕೆಯಾಗಿ, ಒಟ್ಟು ನಾಲ್ಕು ರೆಕ್ಕೆ.

ಗೋಲ್‌ಬ್ಯಾಟ್ ಕ್ರೋಬ್ಯಾಟ್ ಆಗುವ ರೀತಿಯೇ ನನಗೆ ತುಂಬಾ ಇಷ್ಟ. ಮೂಲ ಆಟಗಳಲ್ಲಿ ಅದಕ್ಕೆ ಯಾವ ಲೆವೆಲ್ಲೂ ಸಾಲದು, ಯಾವ ಕಲ್ಲೂ ಬೇಕಿಲ್ಲ. ಅದಕ್ಕೆ ನಿಮ್ಮ ಮೇಲೆ ಪ್ರೀತಿ ಬರಬೇಕು, ಅಷ್ಟೇ. ಜೊತೆಯಲ್ಲಿ ನಡೆಸಬೇಕು, ಕಾಳಗದಲ್ಲಿ ಮೂರ್ಛೆ ಬೀಳದಂತೆ ನೋಡಿಕೊಳ್ಳಬೇಕು. ಕಹಿ ಗಿಡಮೂಲಿಕೆ ಕುಡಿಸಿದರೆ ಆ ಪ್ರೀತಿ ಕಡಿಮೆಯಾಗುತ್ತದೆ. ಗುಹೆಯಲ್ಲಿ ಹೆಜ್ಜೆ ಹೆಜ್ಜೆಗೂ ಎದುರಾಗಿ ಬೇಸರ ತರಿಸುವ ಜೀವಿಗೆ ಈ ನಿಯಮ ಇಟ್ಟಿದ್ದಾರಲ್ಲ, ಅದು ಬಹಳ ಚೆನ್ನಾಗಿ ಯೋಚಿಸಿ ಮಾಡಿದ ಕೆಲಸ ಅಂತ ನನ್ನ ಅಭಿಪ್ರಾಯ.

ಪೋಕೆಮಾನ್ ಗೋದಲ್ಲಿ ಲೆಕ್ಕ ಬೇರೆ. ಇಲ್ಲಿ ಕ್ಯಾಂಡಿ ಬೇಕು, ಅಂದರೆ ಆ ಜಾತಿಯ ಪೋಕೆಮಾನ್ ಹಿಡಿದಾಗ ಸಿಗುವ ಆಟದ ಮಿಠಾಯಿ. ಜುಬ್ಯಾಟ್ ಗೋಲ್‌ಬ್ಯಾಟ್ ಆಗಲು 25, ಗೋಲ್‌ಬ್ಯಾಟ್ ಕ್ರೋಬ್ಯಾಟ್ ಆಗಲು 100. ಒಟ್ಟು 125.

ನಮ್ಮ ದೇಶಕ್ಕೆ ಈ ಆಟ ಅಧಿಕೃತವಾಗಿ ಬಂದಿದ್ದು 2016ರ ಡಿಸೆಂಬರ್‌ನಲ್ಲಿ, ಜಿಯೋ ಜೊತೆ ಸೇರಿ. ಹಳೆ ಕಟ್ಟಡ, ಗುಡಿ, ಪ್ರತಿಮೆ ಇಂಥ ಕಡೆ ಪೋಕೆಸ್ಟಾಪ್ (ಚೆಂಡು ಮುಂತಾದ ಸಾಮಾನು ಸಿಗುವ ತಾಣ) ಇಡುವುದು ಈ ಆಟದ ಪದ್ಧತಿ. ಹಾಗಾಗಿ ವಿಜಯಪುರದಂಥ ಊರು ಇದಕ್ಕೆ ಹೇಳಿ ಮಾಡಿಸಿದ್ದು. ಇಲ್ಲಿ ಯಾವ ಓಣಿಗೆ ಹೊಕ್ಕರೂ ಒಂದು ಹಳೆ ಕಮಾನು, ಒಂದು ಗುಮ್ಮಟ ಕಾಣುತ್ತದೆ. ನಾನು ನಡೆಯುವುದು ಬೆಳಗ್ಗೆ ಗೋಳಗುಮ್ಮಟದ ಕಡೆ, ಸಂಜೆ ಬಾರಾಕಮಾನ್ ಮತ್ತು ಗಗನ ಮಹಲಿನ ಕಡೆ. ಬೇಸಿಗೆಯಲ್ಲಿ ಹಗಲು ಹೊರಗೆ ಬರುವ ಮಾತೇ ಇಲ್ಲ. 40 ಡಿಗ್ರಿ ದಾಟಿದ ಬಿಸಿಲಲ್ಲಿ ಫೋನ್ ಕೈಯಲ್ಲಿ ಹಿಡಿಯಲಾರದಷ್ಟು ಕಾಯುತ್ತದೆ.

ಅಕ್ಕನ ಮಗ ಹೆಚ್ಚಾಗಿ ಜೊತೆಗಿರುತ್ತಾನೆ. ಜುಬ್ಯಾಟ್ ಕಂಡರೆ ಅವನದು ಒಂದೇ ಮಾತು: “ಮಾಮಾ, ಮತ್ತ ಅದ ಬಂತ ನೋಡು. ಬಿಟ್ಟಬಿಡು ಅದನ್ನ.” ನಾನು ಬಿಡುತ್ತಿರಲಿಲ್ಲ. ಅವನಿಗೂ ನಿಲ್ಲಿಸಿ ತೋರಿಸಿದೆ. ಈಗ ಆ ವಿಷಯಕ್ಕೆ ಬರುತ್ತೇನೆ.

ಜುಬ್ಯಾಟ್ ಹಿಡಿಯುವಾಗ ನಾನು ಮೊದಲು ಮಾಡುವ ಕೆಲಸ ಎಆರ್ (ಕ್ಯಾಮೆರಾದಲ್ಲಿ ಕಾಣುವ ನಿಜ ಜಾಗದ ಮೇಲೆ ಪೋಕೆಮಾನ್ ತೋರಿಸುವ ಸೌಲಭ್ಯ) ಆಫ್ ಮಾಡುವುದು. ಎಆರ್ ಇದ್ದರೆ ಕ್ಯಾಮೆರಾ ತಿರುಗಿಸಿ ತಿರುಗಿಸಿ ಅದನ್ನು ಹುಡುಕಬೇಕು. ಆಫ್ ಮಾಡಿದರೆ ಅದು ಪರದೆ ನಡುವಿಗೇ ಬರುತ್ತದೆ. ಬ್ಯಾಟರಿಯೂ ಉಳಿಯುತ್ತದೆ. ಆಮೇಲೆ ಚೆಂಡು ಮುಟ್ಟದೆ ಸ್ವಲ್ಪ ಹೊತ್ತು ಸುಮ್ನೆ ನೋಡುತ್ತೇನೆ. ಬಹಳ ಜನ ಇದನ್ನು ಮಾಡುವುದಿಲ್ಲ. ಜುಬ್ಯಾಟ್‌ನ ಓಡಾಟ ಗೊಂದಲದ ಹಾಗೆ ಕಾಣುತ್ತದೆ, ಆದರೆ ಅದು ನಡುನಡುವೆ ಒಮ್ಮೆ ದಾಳಿ ಮಾಡುತ್ತದೆ. ಆ ದಾಳಿಯ ಹೊತ್ತಿಗೆ ಚೆಂಡು ತಗುಲಿದರೆ ಪುಟಿದು ಹೋಗುತ್ತದೆ. ದಾಳಿ ಮುಗಿದ ಮರುಕ್ಷಣ ಅದು ತನ್ನ ಜಾಗಕ್ಕೆ ಬಂದು ನಿಲ್ಲುತ್ತದೆ. ನಮಗೆ ಬೇಕಾಗಿದ್ದು ಆ ಕ್ಷಣ. ಹುಡುಗಿಯರು ಹಗ್ಗದಾಟ ಆಡುವಾಗ ತಿರುಗುವ ಹಗ್ಗದೊಳಗೆ ನುಗ್ಗುತ್ತಾರಲ್ಲ, ಹಗ್ಗ ದಾಟಿದ ಕೂಡಲೇ ಕಾಲಿಡುತ್ತಾರೆ. ಇಲ್ಲಿಯೂ ಹಾಗೆ, ಅದು ದಾಟಿ ಹೋದ ಬೆನ್ನಿಗೇ ಚೆಂಡು ಹೋಗಬೇಕು.

ಇದಕ್ಕೊಂದು ಕ್ರಮ ಇದೆ. ಚೆಂಡಿನ ಮೇಲೆ ಬೆರಳಿಟ್ಟು ಹಿಡಿದರೆ ಜುಬ್ಯಾಟ್ ಸುತ್ತ ಬಣ್ಣದ ಉಂಗುರ ಬರುತ್ತದೆ. ಉಂಗುರ ದೊಡ್ಡದರಿಂದ ಸಣ್ಣದಾಗುತ್ತಾ ಹೋಗುತ್ತದೆ. ನಮಗೆ ಬೇಕಾದ ಅಳತೆಗೆ ಬಂದಾಗ ಚೆಂಡು ಎಸೆಯದೆ ಬೆರಳು ತೆಗೆಯಬೇಕು. ಆಮೇಲೆ ದಾಳಿಗೆ ಕಾಯಬೇಕು. ದಾಳಿ ಶುರುವಾಗಿ ಅರ್ಧ ದಾಟಿದ ಮೇಲೆ ಚೆಂಡು ಹಿಡಿದು ಎಸೆಯಬೇಕು. ಚೆಂಡು ಹಾರಿ ಹೋಗಿ ಮುಟ್ಟುವ ಹೊತ್ತಿಗೆ ದಾಳಿ ಮುಗಿದಿರುತ್ತದೆ. ಉಂಗುರ ನಾವು ಬಿಟ್ಟ ಅಳತೆಯಲ್ಲೇ ಇರುತ್ತದೆ. ಉಂಗುರದ ಒಳಗೆ ಬಿದ್ದರೆ ಗ್ರೇಟ್ ಅಥವಾ ಎಕ್ಸಲೆಂಟ್ ಸಿಗುತ್ತದೆ.

ಬರೀ ನೇರ ಎಸೆತ ಸಾಲದು. ಚೆಂಡನ್ನು ಬೆರಳಲ್ಲಿ ಗಿರಗಿರ ತಿರುಗಿಸಿ ಓರೆಯಾಗಿ ಎಸೆದರೆ ಅದು ಬಾಗಿ ಹೋಗುತ್ತದೆ. ಈ ಕರ್ವ್‌ಬಾಲ್ ಹಿಡಿಯುವ ಅವಕಾಶವನ್ನು 1.7 ಪಟ್ಟು ಮಾಡುತ್ತದೆ. ರ‍್ಯಾಜ್ ಬೆರ್ರಿ (ಹಿಡಿಯುವ ಮುನ್ನ ಪೋಕೆಮಾನ್‌ಗೆ ತಿನ್ನಿಸುವ ಹಣ್ಣು) ಕೊಟ್ಟರೆ 1.5 ಪಟ್ಟು. ಎರಡನ್ನೂ ಸೇರಿಸಿದರೆ ಎರಡೂವರೆ ಪಟ್ಟಿಗೂ ಹೆಚ್ಚಾಯಿತು. ಅಂದರೆ ಖರ್ಚಿಲ್ಲದ ಕರ್ವ್ ಎಸೆತದಿಂದಲೇ ಒಂದು ಬೆರ್ರಿಗಿಂತ ಜಾಸ್ತಿ ಲಾಭ. ಜುಬ್ಯಾಟ್ ದೂರದಲ್ಲಿ ನಿಲ್ಲುವುದರಿಂದ ಓರೆ ಎಸೆತಕ್ಕೆ ಬಾಗಲು ಜಾಗ ಸಿಗುತ್ತದೆ. ಎಸೆತಕ್ಕೆ ಶಕ್ತಿ ಮಾತ್ರ ಬೇಕು. ಪರದೆ ತುಂಬಾ ಉದ್ದಕ್ಕೆ ಬೆರಳು ಎಳೆಯಬೇಕು. ಜುಬ್ಯಾಟ್ ಮೇಲೆ ಕೈ ಪಳಗಿದರೆ ಹತ್ತಿರ ನಿಂತ ಬೇರೆ ಪೋಕೆಮಾನ್‌ಗಳು ಬಲು ಸುಲಭ ಅನ್ನಿಸುತ್ತವೆ. ಅದಕ್ಕೇ ನಾನು ಹೊಸಬರಿಗೆ ಇದರಿಂದಲೇ ಶುರು ಮಾಡಿ ಅಂತ ಹೇಳುವುದು.

ಕೈ ಪಳಗುವ ತನಕ ನ್ಯಾನಬ್ ಬೆರ್ರಿ ಕೊಡಿ. ಅದು ಓಡಾಟ ಕಡಿಮೆ ಮಾಡುತ್ತದೆ. ಬಹಳ ಜನ ಈ ಬೆರ್ರಿ ಪ್ರಯೋಜನವಿಲ್ಲ ಅಂತ ಬಿಸಾಡುತ್ತಾರೆ. ಜುಬ್ಯಾಟ್‌ಗೆ ಮಾತ್ರ ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಕೈ ಪಳಗಿದ ಮೇಲೆ ಪಿನಾಪ್ ಬೆರ್ರಿಗೆ ಬದಲಿಸಿ. ಏಕೆಂದರೆ ಆಗ ಕ್ಯಾಂಡಿ ದುಪ್ಪಟ್ಟು. ಒಂದು ಜುಬ್ಯಾಟ್ ಹಿಡಿದರೆ ಮಾಮೂಲಾಗಿ 3 ಕ್ಯಾಂಡಿ, ಪಿನಾಪ್ ಕೊಟ್ಟರೆ 6. ಬೇಡವಾದದ್ದನ್ನು ಆಟದೊಳಗಿನ ಪ್ರೊಫೆಸರ್‌ಗೆ ಕಳಿಸಿದರೆ ಇನ್ನೊಂದು. ಬರೀ ಹಿಡಿಯುತ್ತಾ ಹೋದರೆ 125ಕ್ಕೆ 42 ಜುಬ್ಯಾಟ್ ಬೇಕು. ಪಿನಾಪ್ ಕೊಟ್ಟು ಹಿಡಿದು, ಹೆಚ್ಚಿನವನ್ನು ಕಳಿಸುತ್ತಾ ಬಂದರೆ ಇಪ್ಪತ್ತರೊಳಗೇ ಮುಗಿಯುತ್ತದೆ.

ಇನ್ನು ಹವೆ. ಆಟದೊಳಗೆ ಮೋಡ ಇದ್ದರೆ ವಿಷದ ಬಗೆಗೆ ಬಲ, ಗಾಳಿ ಇದ್ದರೆ ಹಾರಾಟದ ಬಗೆಗೆ ಬಲ. ಜುಬ್ಯಾಟ್ ಎರಡೂ ಆಗಿರುವುದರಿಂದ ಎರಡೂ ಹವೆ ಅದಕ್ಕೆ ಅನುಕೂಲ. ನಮ್ಮ ಕಡೆ ಆಷಾಢ ಬಂತೆಂದರೆ ಮಳೆಗಿಂತ ಗಾಳಿ, ಮೋಡವೇ ಹೆಚ್ಚು. ಈ ದಿನಗಳು ಜುಬ್ಯಾಟ್ ಹುಡುಕಲು ಬಹಳ ಚೆನ್ನ. ಹಿಡಿದದ್ದಕ್ಕೆ ಸಿಗುವ, ಪೋಕೆಮಾನ್ ಬಲಪಡಿಸಲು ಬೇಕಾದ ಸ್ಟಾರ್‌ಡಸ್ಟ್ 100ರ ಬದಲು 125 ಆಗುತ್ತದೆ. ಬರುವ ಜುಬ್ಯಾಟ್ ಕೂಡ ಸ್ವಲ್ಪ ಬಲವಾಗಿಯೇ ಇರುತ್ತದೆ. ಹಿಡಿಯುವುದು ತುಸು ಕಷ್ಟ, ಆದರೆ ಇಟ್ಟುಕೊಂಡು ಬೆಳೆಸಲು ಅಂಥದ್ದೇ ಒಳ್ಳೆಯದು. ನಾನು ಬೆಳೆಸಿದ್ದು ಅಂಥ ಗಾಳಿ ದಿನ ಗಗನ ಮಹಲಿನ ಹತ್ತಿರ ಸಿಕ್ಕ ಜುಬ್ಯಾಟ್.

ಕ್ಯಾಂಡಿಗೆ ಇನ್ನೊಂದು ದಾರಿ ಪೋಕೆಮಾನ್‌ನ್ನು ಬಡ್ಡಿ (buddy, ಅಂದರೆ ಜೊತೆಗಾರ) ಮಾಡಿಕೊಂಡು ನಡೆಸುವುದು. ಜುಬ್ಯಾಟ್‌ಗೆ ಒಂದು ಕಿಲೋಮೀಟರ್‌ಗೆ ಒಂದು ಕ್ಯಾಂಡಿ. ಬೈಕ್ ಮೇಲೆ ಹೋದರೆ ಎಣಿಕೆಯಾಗುವುದಿಲ್ಲ, ನಡೆಯಲೇಬೇಕು. ಅಡ್ವೆಂಚರ್ ಸಿಂಕ್ ಹಾಕಿದ್ದರೆ ಆಟ ತೆರೆಯದಿದ್ದರೂ ಹೆಜ್ಜೆ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಸ್ಟೇಷನ್ ರೋಡ್, ಗಾಂಧಿ ಚೌಕದ ಗದ್ದಲದಲ್ಲಿ ನಾನು ಫೋನ್ ಜೇಬಿಂದ ತೆಗೆಯುವುದೇ ಇಲ್ಲ. ಅಲ್ಲಿ ಟಾಂಗಾ, ಆಟೋ, ಬೈಕ್ ಎಲ್ಲಾ ಒಟ್ಟಿಗೇ ಬರುತ್ತವೆ. ಫೋನ್ ನೋಡುತ್ತಾ ನಡೆಯುವ ಜಾಗ ಅಲ್ಲ ಅದು.

ಗೋದಲ್ಲಿ ಪ್ರೀತಿಯ ಷರತ್ತು ಇಲ್ಲ ಅಂದೆನಲ್ಲ. ನಾನೇ ಒಂದು ಷರತ್ತು ಹಾಕಿಕೊಂಡೆ. 100 ಕ್ಯಾಂಡಿ ಸೇರಿದರೂ ಗ್ರೇಟ್ ಬಡ್ಡಿ ಆಗುವ ತನಕ ಗೋಲ್‌ಬ್ಯಾಟ್‌ನ್ನು ಕ್ರೋಬ್ಯಾಟ್ ಮಾಡಬಾರದು ಅಂತ. ಜೊತೆಗಾರನ ಸ್ನೇಹಕ್ಕೆ ಗುಡ್, ಗ್ರೇಟ್, ಅಲ್ಟ್ರಾ, ಬೆಸ್ಟ್ ಅಂತ ಮೆಟ್ಟಿಲುಗಳಿವೆ. ಗ್ರೇಟ್ ಬಡ್ಡಿ ಆಗಲು 70 ಹೃದಯ ಬೇಕು. ಬೆರ್ರಿ ತಿನ್ನಿಸಿದರೆ, ಆಡಿಸಿದರೆ, ಫೋಟೋ ತೆಗೆದರೆ, ಕಾಳಗಕ್ಕೆ ಕರೆದುಕೊಂಡು ಹೋದರೆ, ಜೊತೆ ನಡೆದರೆ ಹೃದಯ ಸಿಗುತ್ತವೆ. ಆಟದ ಲೆಕ್ಕದಲ್ಲಿ ಇದರಿಂದ ಕ್ರೋಬ್ಯಾಟ್‌ಗೆ ಏನೂ ಹೆಚ್ಚುವರಿ ಬಲ ಬರುವುದಿಲ್ಲ. ಆದರೆ ಮೂಲ ಆಟದಲ್ಲಿ ಈ ಜೀವಿ ಬೆಳೆಯುವುದೇ ಹಾಗೆ. ಆ ರೀತಿಯನ್ನು ಬಿಟ್ಟು ಬರೀ ಗುಂಡಿ ಒತ್ತಲು ನನಗೆ ಮನಸ್ಸಾಗಲಿಲ್ಲ. ಇದರಿಂದ ಒಂದು ಉಪಕಾರವೂ ಆಯಿತು. ಗ್ರೇಟ್ ಬಡ್ಡಿ ಆದ ಪೋಕೆಮಾನ್, ನಾವು ಎಸೆದ ಚೆಂಡು ಪುಟಿದು ಬಂದರೆ ಒಮ್ಮೊಮ್ಮೆ ಅದನ್ನು ಮತ್ತೆ ಗುರಿಯ ಕಡೆ ತಳ್ಳುತ್ತದೆ. ನನ್ನ ಗೋಲ್‌ಬ್ಯಾಟ್ ಹಾಗೆ ಇನ್ನೊಂದು ಜುಬ್ಯಾಟ್‌ನ್ನು ಹಿಡಿಸಿಕೊಟ್ಟಾಗ ಅಕ್ಕನ ಮಗ ಕುಣಿದಾಡಿದ.

ಬಾರಾಕಮಾನ್ ಕಡೆ ಸಂಜೆ ನಡೆಯುತ್ತಿದ್ದುದರಿಂದ ನಿಜವಾದ ಬಾವಲಿಗಳನ್ನೂ ನೋಡುವ ಅಭ್ಯಾಸ ಬಿತ್ತು. ಹೊತ್ತು ಮುಳುಗಿದ ಮೇಲೆ ಸಣ್ಣ ಬಾವಲಿಗಳು ಹೊರಡುತ್ತವೆ. ಅವು ಹಕ್ಕಿಯ ಹಾಗೆ ನೇರ ಹೋಗುವುದಿಲ್ಲ. ಥಟ್ಟನೆ ತಿರುಗುತ್ತವೆ, ಕೆಳಗಿಳಿಯುತ್ತವೆ, ಮತ್ತೆ ಮೇಲೇರುತ್ತವೆ. ಹುಳ ಹಿಡಿಯುವ ಬಾವಲಿಗಳು ಹಾರುವುದೇ ಹೀಗೆ. ಅವು ಕೂಗಿನ ಮರುದನಿ ಕೇಳಿ ಹುಳ ಎಲ್ಲಿದೆ ಅಂತ ತಿಳಿಯುತ್ತವೆ. ಹುಳ ಹತ್ತಿರವಾದಷ್ಟೂ ಕೂಗನ್ನು ಬೇಗ ಬೇಗ ಹೊರಡಿಸುತ್ತವೆ. ಹುಳ ಪಕ್ಕಕ್ಕೆ ಸರಿದರೆ ತಾವೂ ಸರಿಯುತ್ತವೆ. ಆಟದ ಜುಬ್ಯಾಟ್ ನಮಗೆ ಕಾಟ ಕೊಡುವ ಓಡಾಟ ಇದೇ ಅಲ್ವಾ? ಇದನ್ನು ನೋಡಿದ ಮೇಲೆ ಆ ಓಡಾಟದ ಮೇಲೆ ನನಗೆ ಗೌರವ ಬಂತು. ಮರಗಳಲ್ಲಿ ಗುಂಪಾಗಿ ತೂಗುವ ದೊಡ್ಡ ತೊಗಲಬಾವಲಿಗಳು ಬೇರೆ ಜಾತಿ. ಅವು ಹಣ್ಣು ತಿನ್ನುತ್ತವೆ, ದೊಡ್ಡ ಕಣ್ಣಿಂದ ನೋಡಿಯೇ ದಾರಿ ಹಿಡಿಯುತ್ತವೆ.

ಮರುದನಿ ಅಂದರೆ ಏನು ಅಂತ ಹುಡುಗನಿಗೆ ತಿಳಿಸಲು ನಮ್ಮೂರಲ್ಲಿ ಕಷ್ಟಪಡಬೇಕಾಗಿಲ್ಲ. ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಗೆ ಹತ್ತಿಸಿ ಚಿಟಿಕೆ ಹೊಡೆಸಿದೆ. ಸದ್ದು ಮತ್ತೆ ಮತ್ತೆ ಬಂತು. ಗುಮ್ಮಟದ ಒಳ ಅಗಲ ಸುಮಾರು 38 ಮೀಟರ್. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಅಷ್ಟು ಅಗಲ ದಾಟಲು ಅದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು, ಅದಕ್ಕೇ ನಮ್ಮ ಕಿವಿಗೆ ಮರುದನಿ ಬೇರೆಯಾಗಿ ಕೇಳುತ್ತದೆ. ಬಾವಲಿಯ ಮುಂದೆ ಒಂದು ಮೀಟರ್ ದೂರದಲ್ಲಿ ಹುಳ ಇದ್ದರೆ ಮರುದನಿ ಸೆಕೆಂಡಿನ ಸಾವಿರದಲ್ಲಿ ಆರು ಭಾಗದೊಳಗೆ ವಾಪಸ್ ಬರುತ್ತದೆ. ಅಷ್ಟರಲ್ಲಿ ಅದು ಹುಳ ಎಲ್ಲಿದೆ ಅಂತ ತಿಳಿಯುತ್ತದೆ. ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹಂಗಂದ್ರ ಜುಬ್ಯಾಟ್ ಕುರುಡಲ್ಲ ಮಾಮಾ, ಕಿವಿಲೇ ನೋಡತೈತಿ” ಅಂದ.

ಒಂದು ಮಾತು ಹೇಳಲೇಬೇಕು. ಹಳೆ ಕಟ್ಟಡಗಳ ಕತ್ತಲೆ ಮೂಲೆಗೆ ಆಟದ ನೆಪದಲ್ಲಿ ನುಗ್ಗಬೇಡಿ. ಮಲಗಿರುವ ಬಾವಲಿ ಮೇಲೆ ಫ್ಲ್ಯಾಶ್ ಬಿಡಬೇಡಿ. ಮನೆಯೊಳಗೆ ಬಾವಲಿ ಬಂದರೆ ಅಪಶಕುನ ಅಂತ ಹೊಡೆಯುವವರು ಈಗಲೂ ಇದ್ದಾರೆ. ದೀಪ ಆರಿಸಿ ಕಿಟಕಿ ತೆರೆದರೆ ಅದು ತಾನಾಗಿ ಹೋಗುತ್ತದೆ.

ಕ್ರೋಬ್ಯಾಟ್ ಆದ ಮೇಲೆ ಅದರಿಂದ ಏನು ಉಪಯೋಗ? ಮೂಲ ಆಟಗಳಲ್ಲಿ ಅದರ ದೊಡ್ಡ ಶಕ್ತಿ ವೇಗ. ವೇಗದ ಅಂಕ 130. ಎದುರಾಳಿಗಿಂತ ಮೊದಲೇ ಹೊಡೆಯುವುದೇ ಅದರ ಆಟ. ಗೋದಲ್ಲಿ ದಾಳಿ, ರಕ್ಷಣೆ, ಆಯಸ್ಸು ಈ ಮೂರೇ ಅಂಕ. ವೇಗಕ್ಕೆ ಪ್ರತ್ಯೇಕ ಜಾಗ ಇಲ್ಲ. ಹಾಗಾಗಿ ಇಲ್ಲಿ ಕ್ರೋಬ್ಯಾಟ್ ಎಲ್ಲರನ್ನೂ ಸೋಲಿಸುವುದಿಲ್ಲ. ಅದನ್ನು ಆರಿಸಿ ಇಳಿಸಬೇಕು. ಹುಲ್ಲು, ಹುಳ, ಕುಸ್ತಿ ಈ ಮೂರು ಬಗೆಯ ಹೊಡೆತ ಅದಕ್ಕೆ ತಗುಲುವುದೇ ಕಡಿಮೆ, ಏಕೆಂದರೆ ವಿಷವೂ ಹಾರಾಟವೂ ಎರಡೂ ಅದನ್ನು ತಡೆಯುತ್ತವೆ. ಮಿಂಚು, ಹಿಮ, ಬಂಡೆ, ಮನಶ್ಶಕ್ತಿ ಎದುರಾದರೆ ಕೂಡಲೇ ಹಿಂದೆ ಕರೆಯಬೇಕು. ಜಿಮ್‌ನಲ್ಲಿ (ಕಾಳಗದ ತಾಣ) ಬ್ರೆಲೂಮ್ ಅನ್ನುವ ಪೋಕೆಮಾನ್ ಇದ್ದರೆ ನಾನು ಮೊದಲು ಇದನ್ನೇ ಕಳಿಸುತ್ತೇನೆ. ಬ್ರೆಲೂಮ್ ಹುಲ್ಲು ಮತ್ತು ಕುಸ್ತಿ. ಅದರ ಹೊಡೆತ ಕ್ರೋಬ್ಯಾಟ್‌ಗೆ ನಾಟುವುದಿಲ್ಲ, ಕ್ರೋಬ್ಯಾಟ್‌ನ ಹಾರಾಟದ ಹೊಡೆತ ಅದಕ್ಕೆ ಎರಡೂವರೆ ಪಟ್ಟಿಗೂ ಹೆಚ್ಚು ನೋಯುತ್ತದೆ. ರೇಡ್‌ನಲ್ಲಿ (ಹಲವರು ಸೇರಿ ಒಂದು ಬಲಿಷ್ಠ ಪೋಕೆಮಾನ್ ಜೊತೆ ಮಾಡುವ ಕಾಳಗ) ವಿರಿಜಿಯಾನ್ ಬಂದರೆ ಅದೂ ಹುಲ್ಲು ಮತ್ತು ಕುಸ್ತಿಯೇ, ಆದರೆ ಅದಕ್ಕೆ ಬಂಡೆ, ಮನಶ್ಶಕ್ತಿಯ ಹೊಡೆತವೂ ಇರಬಹುದು, ನೋಡಿಕೊಂಡು ಇಳಿಸಬೇಕು. ಇದಕ್ಕಾಗಿ ಮಾಮೂಲಿ ದಾಳಿಯಾಗಿ ಹಾರಾಟದ ಬಗೆಯ ಏರ್ ಸ್ಲ್ಯಾಶ್ ಇರಬೇಕು. ಬೈಟ್ ಬಂದಿದ್ದರೆ ಫಾಸ್ಟ್ ಟಿಎಂ (ಮಾಮೂಲಿ ದಾಳಿ ಬದಲಿಸುವ ಸಾಮಾನು) ಕೊಟ್ಟು ಬದಲಿಸಿ.

ಈಗ ನನ್ನ ಕ್ರೋಬ್ಯಾಟ್ ಅಲ್ಟ್ರಾ ಬಡ್ಡಿ ದಾಟಿದೆ. ಬೆಸ್ಟ್ ಬಡ್ಡಿಗೆ 300 ಹೃದಯ ಬೇಕು, ಆ ಕಡೆ ನಡೆಯುತ್ತಿದ್ದೇವೆ. ಅಕ್ಕನ ಮಗ ಹಸಿರು ಶೈನಿ (ಬೇರೆ ಬಣ್ಣದ, ಅಪರೂಪದ) ಜುಬ್ಯಾಟ್ ಹುಡುಕುತ್ತಿದ್ದಾನೆ. ಅದು ಕ್ರೋಬ್ಯಾಟ್ ಆದಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಅವನಿಗೆ ಬೇಕಾಗಿದ್ದು ಆ ಗುಲಾಬಿ. ಅದಕ್ಕೆಂದೇ ಅವನು ಈಗ ಕಂಡ ಪ್ರತಿ ಜುಬ್ಯಾಟ್‌ನ್ನೂ ತೆರೆದು ನೋಡುತ್ತಾನೆ.