ಬೇಲಿಯ ಹೊರಗೂ ಅಳೆದ ಮೇಲೆ

ಸಂಡೂರು ಕಡೆಯ ಒಂದು ಪರಿಹಾರ ಅರಣ್ಯೀಕರಣದ (ಬೇರೆ ಬಳಕೆಗೆ ಹೋದ ಕಾಡಿನ ಬದಲಿಗೆ ನೆಟ್ಟ) ನೆಡುತೋಪು ಎಷ್ಟು ಇಂಗಾಲ ಹಿಡಿದಿದೆ ಎಂದು ಟೇಪು, ಹಗ್ಗ, ತಕ್ಕಡಿಯಲ್ಲೇ ಅಳೆಯುತ್ತೇನೆ ಎಂದಾಗ ಜೊತೆಗಾರರು ನಂಬಲಿಲ್ಲ. ಉಪಗ್ರಹ ಚಿತ್ರ ಬೇಕು, ಡ್ರೋನ್ ಬೇಕು ಎಂದರು. ಮೂರನೆಯ ವರ್ಷ ಲೆಕ್ಕ ಕೂಡಿ ಬಂತು.

ಮೊದಲ ವರ್ಷದ ಕೆಲಸವೆಲ್ಲ ಹಾಳು. ಆಗಸ್ಟ್‌ನಲ್ಲಿ ಹೋಗಿ ರಸ್ತೆಯ ಅಂಚಿನಲ್ಲೇ ಎಣಿಕೆಯ ಮಾದರಿ ಚೌಕ ಹಾಕಿದ್ದೆ. ಹೆಕ್ಟೇರಿಗೆ 1,100 ಗಿಡವೆಂದರೆ 20 ಮೀಟರ್ ಚೌಕಕ್ಕೆ 44 ಗುಂಡಿ, 31ರಲ್ಲಿ ಹಸಿರಿತ್ತು. ಅವೇ ಗುಂಡಿಗಳಲ್ಲಿ ಏಪ್ರಿಲ್‌ಗೆ ಉಳಿದದ್ದು 17. ಒಳಗಿನ ಇಳಿಜಾರಿನಲ್ಲಿ ಒಂಬತ್ತೋ ಹತ್ತೋ. ಕೂಲಿ, ಪೆಟ್ರೋಲ್ ಸೇರಿ ಹದಿನೆಂಟು ಸಾವಿರ ಹೋಯಿತು. ಈಗ ಏಪ್ರಿಲ್ ಬಿಟ್ಟು ಬೇರೆ ತಿಂಗಳಲ್ಲಿ ಎಣಿಸುವುದಿಲ್ಲ.

ಎರಡನೆಯ ವರ್ಷ ಅಡ್ಡ ಬಂದದ್ದು ಬಳ್ಳಾರಿ ಜಾಲಿ. ಯಾರೂ ನೆಡದೆ, ನೀರುಣಿಸದೆ ಬೇಲಿಯಾಚೆ ತಾನೇ ಬೆಳೆದು ನಿಂತಿತ್ತು. ತೋಪು ಮಾಡದಿದ್ದರೂ ಸೇರುತ್ತಿದ್ದ ಈ ಇಂಗಾಲವನ್ನು ಕಳೆಯದೆ ತೋಪಿನ ಲಾಭ ಹೇಳಲಾಗದು. ಹಲವು ಕವಲಿನ ಪೊದೆಗೆ ಎದೆಮಟ್ಟದ ಸುತ್ತಳತೆ ಹಿಡಿಯಲು ಹೋಗಿ ಎರಡು ವಾರ ಮುಳ್ಳು ಚುಚ್ಚಿಸಿಕೊಂಡೆವು. ಕೊನೆಗೆ ಇದ್ದಿಲು ಸುಡುವ ಹಿರಿಯರೊಬ್ಬರು ಪೊದೆಯನ್ನು ನೋಡಿಯೇ ಒಣಸೌದೆಯ ತೂಕ ಹೇಳಿದರು. ಹೊಲದವರನ್ನು ಕೇಳಿ ನಲವತ್ತು ಪೊದೆ ಕಡಿಸಿ, ಒಣಗಿಸಿ, ಸೌದೆ ಅಂಗಡಿಯಲ್ಲಿ ತೂಗಿಸಿದೆ. ಆರು ಸಾವಿರ ಖರ್ಚು. ಹತ್ತಕ್ಕೆ ಎಂಟು ಪೊದೆಗಳಲ್ಲಿ ಅವರ ಅಂದಾಜು ಸರಿಯಿತ್ತು. ನನ್ನ ಇಡೀ ಕೋಷ್ಟಕ ನಿಂತಿರುವುದು ಆ ಕಣ್ಣಳತೆಯ ಮೇಲೆ.

ಹೊರಗಿನ ಚೌಕಕ್ಕೆ ತೋಪಿನ ನೆಲದಂಥದೇ ಸರಿಜೋಡಿ ನೆಲ ಹುಡುಕುವ ಉಪಾಯವನ್ನು ಸದ್ಯ ಹೇಳುವುದಿಲ್ಲ. ಇನ್ನೆರಡು ತೋಪು ಅಳೆಯುವುದಿದೆ.

ಆರು ವರ್ಷದ ತೋಪಿನಲ್ಲಿ ಹೊರಗಿಗಿಂತ ಹೆಚ್ಚಿದ್ದದ್ದು ಹೆಕ್ಟೇರಿಗೆ ಮೂರು ಟನ್ ಒಣತೂಕ, ಇಂಗಾಲದ ಪಾಲಿಗೆ 0.47ರಿಂದ, ಅದನ್ನು ಡೈಆಕ್ಸೈಡ್ ಲೆಕ್ಕಕ್ಕೆ ತರಲು ಮತ್ತೆ 3.67ರಿಂದ ಗುಣಿಸಿದರೆ ಐದು ಟನ್ ಇಂಗಾಲದ ಡೈಆಕ್ಸೈಡ್. 25 ಹೆಕ್ಟೇರಿಗೆ 130 ಟನ್ ಆಸುಪಾಸು. ಕುಡತಿನಿಯ 1,700 ಮೆಗಾವಾಟ್ ಉಷ್ಣ ಸ್ಥಾವರ ಪೂರ್ತಿ ಓಡಿದರೆ ಇಷ್ಟನ್ನು ಐದು ನಿಮಿಷದಲ್ಲಿ ಉಗುಳುತ್ತದೆ. ಈ ಹೋಲಿಕೆ ಬರೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಾಳುಬಿದ್ದ ನೆಲದಲ್ಲಿ ಮರ ಬೆಳೆಸಿದವರಿಗೆ ಕ್ರೆಡಿಟ್ ಕೊಡುವ ಕೇಂದ್ರದ 2023ರ ಹಸಿರು ಕ್ರೆಡಿಟ್ ಯೋಜನೆಯಲ್ಲಿ ಕ್ರೆಡಿಟ್ ಮರಕ್ಕೊಂದು. 2025ರಲ್ಲಿ ಐದು ವರ್ಷ ಕಾಯಬೇಕು, ಶೇ 40 ನೆಲಕ್ಕೆ ಮರದ ನೆತ್ತಿಯ ಹಂದರ ಕೂಡಬೇಕು ಎಂದು ನಿಯಮ ಬಿಗಿಯಾಯಿತು, ಒಳ್ಳೆಯದೇ. ಬೇಲಿಯಾಚೆಯ ಲೆಕ್ಕವನ್ನೂ ಕಳೆಯಲೇಬೇಕು ಎಂಬುದು ನನ್ನ ಪಟ್ಟು.

ನಡುವೆ ಇನ್ನೊಂದು ಪ್ರಯೋಗ. ಸತ್ತವೆಂದು ಬರೆದಿದ್ದ ಕಮರದ ಸಸಿಗಳಲ್ಲಿ ಹನ್ನೆರಡನ್ನು ಅಗೆದು ನೋಡಿದೆ. ಏಳರ ಬೇರು ಹಸಿಯಾಗಿತ್ತು. ಆಗಿನಿಂದ ಬದುಕಿದವು, ಸತ್ತವು ಎಂಬುದರ ಪಕ್ಕಕ್ಕೆ ಮೇಲೆ ಒಣಗಿ ಬೇರು ಬದುಕಿರಬಹುದಾದ ಕಮರಕ್ಕೆಂದೇ ಕೋಷ್ಟಕದಲ್ಲಿ ಮೂರನೆಯ ಕಂಬಸಾಲು ಎಳೆದಿದ್ದೇನೆ.